ಬಟನ್ ಇತ್ತಲ್ಲವ್ವಾ, ಮತ್ಯಾಕೆ ಸಿಡೀತು?

ಪಕ್ಕದ ಲೇನಿನಲ್ಲಿ ಬಂದ ಲಾರಿಯವನು ಉದ್ದಕ್ಕೆ ಹಾರ್ನ್ ಹೊಡೆದು, ಕಿಟಕಿಯಿಂದ ಕೈ ಹೊರಚಾಚಿ ಹಿಂದೆ ನೋಡಿ ಅಂತ ತೋರಿಸದೆ ಇದ್ದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಫೀನಿಕ್ಸಿನಿಂದ ಕ್ಯಾಲಿಫೋರ್ನಿಯಾ ಕಡೆ ಹೋಗುವ ಐ-10 ಹೆದ್ದಾರಿ. ಟೋನೊಪಾ ಊರು ದಾಟಿ ಅರ್ಧ ಗಂಟೆಯಾಗಿತ್ತು. 2021ರ ಜೂನ್, ಬೆಳಿಗ್ಗೆ ಹತ್ತೂವರೆಗೇ ಹೊರಗೆ 41 ಡಿಗ್ರಿ. ನಮ್ಮವರು ಪಿಕಪ್ ಓಡಿಸುತ್ತಿದ್ದರು, ನಾನು ತೊಡೆ ಮೇಲೆ ಚಕ್ಕುಲಿ ಡಬ್ಬಿ ಇಟ್ಟುಕೊಂಡು ಕೂತಿದ್ದೆ. ಹಿಂದೆ ನಮ್ಮ ಟ್ರಾವೆಲ್ ಟ್ರೈಲರ್: 24 ಅಡಿ ಉದ್ದದ, ಒಲೆ, ಫ್ರಿಜ್ಜು, ಮಂಚ, ಬಚ್ಚಲು ಎಲ್ಲ ಇರುವ, ಕೊಂಡಿ ಹಾಕಿ ಎಳೆದುಕೊಂಡು ಹೋಗುವ ಮನೆ. ಅದನ್ನು ಕೊಂಡು ಎರಡು ತಿಂಗಳಾಗಿತ್ತು.

ಗಾಡಿ ಪಕ್ಕಕ್ಕೆ ಹಾಕಿ ಇಳಿದು ನೋಡಿದರೆ ಬಲಗಡೆಯ ಹಿಂದಿನ ಚಕ್ರದಲ್ಲಿ ಟೈರಿನ ಗೋಡೆ ಮಾತ್ರ ಉಳಿದಿದೆ. ನೆಲ ಮುಟ್ಟುವ ಪಟ್ಟಿ ಪೂರ್ತಿ ಕಿತ್ತುಬಂದು, ಕಳಚಿದ ಹಾವಿನ ಪೊರೆಯ ಹಾಗೆ ಅಚ್ಚಿಗೆ ಸುತ್ತಿಕೊಂಡಿತ್ತು. ಅದು ಸುಮ್ಮನೆ ಕಳಚಿರಲಿಲ್ಲ. ಚಕ್ರ ತಿರುಗಿದಷ್ಟು ಹೊತ್ತೂ ಚಾಟಿಯಂತೆ ಬೀಸಿ ಬೀಸಿ ಮಡ್‌ಗಾರ್ಡ್ ಮುರಿದು, ಬ್ರೇಕಿನ ವೈರು ಹರಿದು, ಬಚ್ಚಲ ನೀರು ಹೋಗುವ ಪೈಪನ್ನೂ ಕಿತ್ತು ಹಾಕಿತ್ತು. ಒಂದೊಂದು ಬದಿಗೆ ಎರಡೆರಡು ಚಕ್ರ ಇರುವುದರಿಂದ ಒಂದು ಹೋದರೂ ಇನ್ನೊಂದು ಭಾರ ಹೊತ್ತು ನಡೆಯುತ್ತದೆ, ಮುಂದೆ ಕೂತವರಿಗೆ ಅಲುಗಾಟವೂ ತಿಳಿಯುವುದಿಲ್ಲ. ಹಾಗೆ ಒಬ್ಬನೇ ಭಾರ ಹೊತ್ತ ಪಕ್ಕದ ಟೈರೂ ಒಳಗೊಳಗೇ ನೊಂದಿರುತ್ತದೆ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಸಂಜೆ ವಿಡಿಯೊ ಕಾಲ್‌ನಲ್ಲಿ ಅಪ್ಪನಿಗೆ ಚೂರುಗಳನ್ನು ತೋರಿಸಿದೆ. ಅಪ್ಪ ಪಾಂಡವಪುರದ ಕಡೆಯವರು, ಮೂವತ್ತು ವರ್ಷ ಟ್ರ್ಯಾಕ್ಟರಿಗೆ ಟ್ರೈಲರ್ ಕಟ್ಟಿ ಫ್ಯಾಕ್ಟರಿಗೆ ಕಬ್ಬು ಹೊಡೆದವರು. ಹೊರಡುವ ಮುಂಚೆ ಕಬ್ಬಿಣದ ರಾಡಿನಲ್ಲಿ ಒಂದೊಂದು ಟೈರಿಗೂ ಬಾರಿಸಿ ಸದ್ದು ಕೇಳುವುದು ಅವರ ಪದ್ಧತಿ. ಠಣ್ ಅಂದರೆ ಗಾಳಿ ಇದೆ, ದಪ್ ಅಂದರೆ ಇಲ್ಲ. ಅವರು ಕನ್ನಡಕ ಮೇಲೆ ಮಾಡಿ ದಿಟ್ಟಿಸಿ ನೋಡಿ ಕೇಳಿದ್ದು ಒಂದೇ ಮಾತು: “ಬಟನ್ ಇತ್ತಲ್ಲವ್ವಾ, ಮತ್ಯಾಕೆ ಸಿಡೀತು?”

ಬಟನ್, ಅಂದರೆ ಟೈರಿನ ನೆಲ ಮುಟ್ಟುವ ಮೈಮೇಲಿನ ಉಬ್ಬುಗಳು, ನಿಜಕ್ಕೂ ಇತ್ತು. ಮಾರಿದವರು ಬೆರಳಿಟ್ಟು ತೋರಿಸಿದ್ದೇ ಅದನ್ನು. ಹೆಚ್ಚು ಓಡಿಸಿಲ್ಲ, ಬಹುಪಾಲು ಮನೆ ಮುಂದೆಯೇ ನಿಂತಿತ್ತು ಅಂದಿದ್ದರು. ನಾವು ಅದನ್ನು ಹೊಗಳಿಕೆ ಅಂತ ಕೇಳಿಸಿಕೊಂಡೆವು. ಮಾರನೆಯ ದಿನ ಟ್ರೈಲರಿನ ಕೆಳಗೆ ಅಂಗಾತ ಮಲಗಿ, ಮೊಬೈಲ್ ಟಾರ್ಚ್ ಹಾಕಿ, ಉಳಿದ ಮೂರು ಟೈರುಗಳ ಒಳಬದಿ ನೋಡಿದೆ. ಡಿಒಟಿ ಅಂತ ಶುರುವಾಗುವ ಅಕ್ಷರಗಳ ಸಾಲು, ಅದರ ಕೊನೆಯಲ್ಲಿ ನಾಲ್ಕು ಅಂಕಿ: 1814. ಅಂದರೆ 2014ನೇ ಇಸವಿಯ 18ನೇ ವಾರ. ಏಳು ವರ್ಷದ ಟೈರು, ಅದೂ ಅರಿಜೋನಾದ ಬಿಸಿಲಲ್ಲಿ ಏಳು ವರ್ಷ.

ನಿಂತ ಟೈರು ಸವೆಯುವುದಿಲ್ಲ, ಆದರೆ ಮುದಿಯಾಗುತ್ತದೆ. ರಬ್ಬರಿಗೆ ಬಿಸಿಲು, ಓಜೋನ್, ಆಮ್ಲಜನಕ ಮೂರೂ ಶತ್ರುಗಳು. ಅದಕ್ಕೇ ತಯಾರಿಸುವಾಗಲೇ ಮೇಣದಂಥ ರಕ್ಷಕ ಪದಾರ್ಥ ಬೆರೆಸಿರುತ್ತಾರೆ. ಟೈರು ಓಡಿ ಬಾಗಿ ಬಳುಕಿದರೆ ಅದು ಒಳಗಿನಿಂದ ಮೇಲ್ಮೈಗೆ ಬರುತ್ತಿರುತ್ತದೆ. ನಿಂತರೆ ಅದು ಸರಿಯಾಗಿ ಮೇಲೆ ಬರುವುದಿಲ್ಲ, ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಒಳಗಡೆ ಉಕ್ಕಿನ ಪಟ್ಟಿಯ ಅಂಚಿನಲ್ಲಿ ರಬ್ಬರಿನ ಹಿಡಿತ ಸಡಿಲವಾಗುವುದಂತೂ ಹೊರಗೆ ಕಾಣುವುದೇ ಇಲ್ಲ. ಅಪ್ಪನ ಕಬ್ಬಿನ ಟ್ರೈಲರು ವರ್ಷದಲ್ಲಿ ಆರು ತಿಂಗಳು ಬಿಡುವಿಲ್ಲದೆ ಓಡುತ್ತಿತ್ತು. ಅಲ್ಲಿ ಟೈರಿಗೆ ಮುಪ್ಪು ಬರುವ ಮೊದಲೇ ಬಟನ್ ಸವೆದು ನೈಸಾಗಿ, ರೀಟ್ರೆಡಿಂಗಿಗೆ ಹೋಗುತ್ತಿತ್ತು. ಹಾಗಾಗಿ ಬಟನ್ ನೋಡುವ ಅವರ ಲೆಕ್ಕ ಅವರ ಗಾಡಿಗೆ ಸರಿಯಾಗಿತ್ತು. ವರ್ಷದಲ್ಲಿ ನಾಲ್ಕು ಸಲ ಹೊರಡುವ ನಮ್ಮ ಗಾಡಿಗೆ ಅದು ಸಲ್ಲದ ಲೆಕ್ಕ.

ಎಷ್ಟು ವರ್ಷಕ್ಕೆ ಬದಲಿಸಬೇಕು? ಅಮೆರಿಕದ ಫೆಡರಲ್ ಕಾನೂನಿನಲ್ಲಿ ಇದಕ್ಕೆ ಮಿತಿಯಿಲ್ಲ. ಕೆಲವು ಕಾರು ಕಂಪನಿಗಳು ಆರು ವರ್ಷ ಅನ್ನುತ್ತವೆ. ಮಿಷೆಲಿನ್ ಕಂಪನಿ, ಐದು ವರ್ಷದ ಮೇಲೆ ಪ್ರತಿವರ್ಷ ತೋರಿಸಿ, ಹತ್ತಾದ ಮೇಲೆ ಹೇಗೇ ಕಂಡರೂ ತೆಗೆಯಿರಿ ಅನ್ನುತ್ತದೆ. ಅದು ಕಾರಿನ ಮಾತು. ಟ್ರೈಲರಿನ ಟೈರು ಪೂರ್ತಿ ಭಾರ ಹೊತ್ತು ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ನಿಂತಿರುತ್ತದೆ, ತಿರುವಿನಲ್ಲಿ ಎರಡು ಅಚ್ಚಿನ ನಡುವೆ ಸಿಕ್ಕಿ ಅಡ್ಡಡ್ಡ ಉಜ್ಜುತ್ತದೆ. ನನ್ನ ಲೆಕ್ಕ ಐದು ವರ್ಷ, ಅದರ ಮೇಲೆ ಒಂದು ದಿನವೂ ಇಲ್ಲ. ಇದನ್ನು ಹೇಳಿದರೆ ಇಲ್ಲಿನ ಕೆಲವರು ನಗುತ್ತಾರೆ. ನಗಲಿ, ಬಚ್ಚಲ ಪೈಪು ಅವರದ್ದೇನು ಹರಿದಿಲ್ಲ.

ಈಗ ತೂಕದ ವಿಷಯ. ಇಲ್ಲಿ ನನಗೆ ತಯಾರಕರ ಮೇಲೇ ಸಿಟ್ಟಿದೆ. ನಮ್ಮ ಟ್ರೈಲರ್ ಸಾಮಾನು ಸಮೇತ ಇರಬಹುದಾದ ಗರಿಷ್ಠ ತೂಕ 7,000 ಪೌಂಡ್ ಅಂತ ಬಾಗಿಲ ಪಕ್ಕದ ಚೀಟಿಯಲ್ಲಿದೆ. ಜೊತೆಗೆ ಬಂದಿದ್ದ ಟೈರಿನ ಮೇಲೆ ಎಸ್‌ಟಿ205/75ಆರ್14, ಲೋಡ್ ರೇಂಜ್ ಸಿ ಅಂತ ಇತ್ತು. ಎಸ್‌ಟಿ ಅಂದರೆ ಟ್ರೈಲರಿಗೆಂದೇ ಮಾಡಿದ್ದು. 50 ಪಿಎಸ್‌ಐ ಗಾಳಿಯಲ್ಲಿ ಒಂದು ಟೈರು ಹೊರುವುದು 1,760 ಪೌಂಡ್. ನಾಲ್ಕರಿಂದ ಗುಣಿಸಿ: 7,040. ಉಳಿಕೆ 40 ಪೌಂಡ್, ಹದಿನೆಂಟು ಕಿಲೊ. ನಾನು ಇಂಡಿಯನ್ ಅಂಗಡಿಯಿಂದ ತರುವ ಸೋನಾ ಮಸೂರಿ ಮೂಟೆ ಅದಕ್ಕಿಂತ ಭಾರ. ಒಂದಿಷ್ಟು ತೂಕ ಪಿಕಪ್ಪಿನ ಕೊಂಡಿಯ ಮೇಲೆ ಬೀಳುತ್ತದೆ, ನಿಜ. ಆದರೆ ನಾಲ್ಕೂ ಚಕ್ರಕ್ಕೆ ಸಮ ತೂಕ ಬೀಳುತ್ತದೆ ಅಂತ ಯಾರು ಹೇಳಿದರು? ಒಂದು ಬದಿಗೆ ಒಲೆ, ಫ್ರಿಜ್ಜು, ಮಸಾಲೆ ಡಬ್ಬಿ, ಕುಕ್ಕರು. ಇನ್ನೊಂದು ಬದಿಗೆ ಬರೀ ಸೋಫಾ. ನೀರಿನ ಟ್ಯಾಂಕು ತುಂಬಿದರೆ 40 ಗ್ಯಾಲನ್, ಅದೇ ನೂರೈವತ್ತು ಕಿಲೊ. ಹೆದ್ದಾರಿ ಪಕ್ಕದ ಲಾರಿ ತೂಕದ ಕಟ್ಟೆಯಲ್ಲಿ ನಿಲ್ಲಿಸಿ ತೂಗಿಸಿದೆವು. ಎರಡು ಅಚ್ಚಿನ ಮೇಲೆ 6,180, ಕೊಂಡಿಯ ಮೇಲೆ 780. ಒಟ್ಟು 6,960. ಕಾನೂನಿನ ಒಳಗೇ ಇದ್ದೆವು, ಆದರೆ ಆ ಒಳಗು ಕೂದಲೆಳೆಯಷ್ಟು.

ಅದಕ್ಕೇ ಅದೇ ಅಳತೆಯ, ಒಂದು ದರ್ಜೆ ಮೇಲಿನ ಲೋಡ್ ರೇಂಜ್ ಡಿ ಟೈರು ಹಾಕಿಸಿದೆ. 65 ಪಿಎಸ್‌ಐನಲ್ಲಿ ಒಂದೊಂದೂ 2,040 ಪೌಂಡ್ ಹೊರುತ್ತದೆ. ಹಾಕಿಸುವ ಮುಂಚೆ ರಿಮ್ ಅಷ್ಟು ಗಾಳಿ ತಡೆಯುತ್ತದೆಯೇ ಅಂತ ಅದರ ಹಿಂಬದಿ ಕೆತ್ತಿದ್ದನ್ನು ಓದಬೇಕು. ರಬ್ಬರಿನ ಸಾಮಾನ್ಯ ವಾಲ್ವಿನ ಮಿತಿ 65ಕ್ಕೇ ಮುಗಿಯುವುದರಿಂದ ಲೋಹದ ವಾಲ್ವ್ ಹಾಕಿಸಿದೆ. ಟೈರು ಗಟ್ಟಿಯಾಯಿತು ಅಂತ ಇನ್ನೆರಡು ಮೂಟೆ ಹೇರುವ ಹಾಗಿಲ್ಲ, ಅಚ್ಚು ಹಳೆಯದೇ. ಇದನ್ನು ನಮ್ಮವರಿಗೆ ಮೂರು ಸಲ ಹೇಳಬೇಕಾಯಿತು.

ಆ ಟೈರು ಕೊಳ್ಳಲು ಹೋದಾಗ ಅಂಗಡಿಯ ಹುಡುಗ ನಾಲ್ಕು ಟೈರು ಉರುಳಿಸಿಕೊಂಡು ಬಂದ. ಕಪ್ಪಗೆ ಫಳಫಳ, ಮೇಲೆ ಬಣ್ಣದ ಚೀಟಿ, ರಬ್ಬರಿನ ಕೂದಲು ಇನ್ನೂ ಉದುರಿರಲಿಲ್ಲ. ನಾನು ಬಗ್ಗಿ ನೋಡಿದೆ. ಮೂರರ ಮೇಲೆ ಕೆಲವೇ ತಿಂಗಳ ಹಿಂದಿನ ವಾರ, ನಾಲ್ಕನೆಯದು 3118. ಮೂರು ವರ್ಷದ ಹಿಂದಿನದು. “ಗೋದಾಮಿನ ನೆರಳಲ್ಲೇ ಇತ್ತು ಮೇಡಂ, ಏನೂ ಆಗಿಲ್ಲ” ಅಂದ. ಅವನ ಮಾತಲ್ಲಿ ಸುಳ್ಳಿಲ್ಲದೆಯೂ ಇರಬಹುದು, ತಂಪಾದ ಕತ್ತಲಲ್ಲಿ ಇಟ್ಟ ಟೈರು ಬಿಸಿಲಲ್ಲಿಟ್ಟದ್ದರಷ್ಟು ಬೇಗ ಹಾಳಾಗುವುದಿಲ್ಲ. ಆದರೆ ಐದು ವರ್ಷದ ಆಯುಸ್ಸಿನಲ್ಲಿ ಮೂರು ಅಲ್ಲೇ ಕಳೆದದ್ದಕ್ಕೆ ನಾನ್ಯಾಕೆ ಪೂರ್ತಿ ದುಡ್ಡು ಕೊಡಲಿ? ಕೇಳಿದೆ. ಅವನು ಒಳಗೆ ಹೋಗಿ ಬೇರೆಯದು ತಂದ. ಕೇಳದೇ ಇದ್ದಿದ್ದರೆ ತರುತ್ತಿರಲಿಲ್ಲ. ಬಿಲ್ಲು ಕೊಟ್ಟ, ಅದರಲ್ಲಿ ಅಳತೆ, ಬೆಲೆ, ಹಳೆ ಟೈರು ವಿಲೇವಾರಿ ಶುಲ್ಕ ಎಲ್ಲ ಇತ್ತು. ತಯಾರಾದ ವಾರ ಮಾತ್ರ ಇರಲಿಲ್ಲ.

ನನ್ನ ತಕರಾರು ಇಷ್ಟೇ. ಆ ನಾಲ್ಕು ಅಂಕಿಯನ್ನು ಬಿಲ್ಲಿನ ಮೇಲೆ ಅಚ್ಚು ಹಾಕುವುದಕ್ಕೆ ಅಂಗಡಿಗೆ ಯಾವ ಖರ್ಚೂ ಇಲ್ಲ. ಬ್ರೆಡ್ ಪೊಟ್ಟಣ ತಿರುಗಿಸಿ ತಾರೀಖು ಹುಡುಕುವ ನಾವು, ಗಂಟೆಗೆ ನೂರು ಕಿಲೊಮೀಟರ್ ವೇಗದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ವಸ್ತುವಿನ ತಾರೀಖನ್ನು ಅಂಗಾತ ಮಲಗಿ ಟಾರ್ಚ್ ಹಾಕಿ ಹುಡುಕಬೇಕೆ? ಕರ್ನಾಟಕದಲ್ಲಿ ಟೈರು ಕೊಂಡ ಬಿಲ್ಲನ್ನು ತಂಗಿಯಿಂದ ತರಿಸಿ ನೋಡಿದೆ. ಎಚ್‌ಎಸ್‌ಎನ್ 4011 ಇದೆ, ಜಿಎಸ್‌ಟಿ ಎರಡು ಭಾಗವಾಗಿ ಇದೆ, ಅಲೈನ್‌ಮೆಂಟಿಗೆ ಎಷ್ಟು, ಬ್ಯಾಲೆನ್ಸಿಂಗಿಗೆ ಎಷ್ಟು ಅಂತ ಇದೆ. ಅಲ್ಲೂ ವಾರ-ವರ್ಷ ಅಚ್ಚಾಗಿಲ್ಲ. ಅಲ್ಲಿನ ಟೈರುಗಳ ಮೇಲೂ ಇದೇ ನಾಲ್ಕು ಅಂಕಿ ಇರುತ್ತದೆ, ಓದುವ ರೀತಿಯೂ ಇದೇ.

ಗಾಳಿಯ ವಿಷಯಕ್ಕೆ ಬಂದರೆ, ಮಂಡ್ಯದಲ್ಲೂ ಫೀನಿಕ್ಸಿನಲ್ಲೂ ನಾನು ಕೇಳಿದ ಒಂದೇ ತಪ್ಪು ಮಾತು: ಬೇಸಿಗೆಯಲ್ಲಿ ಗಾಳಿ ಕಮ್ಮಿ ಹಾಕಿಸಿ, ಇಲ್ಲದಿದ್ದರೆ ಟೈರು ಸಿಡಿಯುತ್ತದೆ. ಆಗುವುದು ತಿರುಗುಮುರುಗು. ಗಾಳಿ ಕಮ್ಮಿಯಾದರೆ ಗೋಡೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದಷ್ಟೂ ಪಟ್ಟಿ ಬಿಡುತ್ತದೆ. ಬಿಸಿಲಿಗೆ ಏರುವ ಒತ್ತಡವನ್ನು ಲೆಕ್ಕ ಹಾಕಿಯೇ ಟೈರು ಮಾಡಿರುತ್ತಾರೆ. ಕಾರಿಗೆ ಎಷ್ಟು ಗಾಳಿ ಅನ್ನುವುದು ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ನಮ್ಮಂಥ ಟ್ರೈಲರಿಗೆ ಟೈರಿನ ಗೋಡೆಯ ಮೇಲೆ ಬರೆದ ಗರಿಷ್ಠವನ್ನೇ ಹಾಕುವುದು ವಾಡಿಕೆ, ಅದೂ ಬೆಳಿಗ್ಗೆ, ಚಕ್ರ ಉರುಳುವ ಮುಂಚೆ, ಬಿಸಿಲು ಬೀಳುವ ಮುಂಚೆ. ದಾರಿ ಮಧ್ಯೆ ಅಳೆದು, ಜಾಸ್ತಿ ತೋರಿಸಿತು ಅಂತ ಗಾಳಿ ಬಿಡುವವರನ್ನು ಕಂಡರೆ ನನಗೆ ಕೈ ಹಿಡಿದು ನಿಲ್ಲಿಸಬೇಕು ಅನ್ನಿಸುತ್ತದೆ.

ವೇಗದ ವಿಷಯದಲ್ಲಿ ತಪ್ಪು ನಮ್ಮದೇ. ಆ ಹೆದ್ದಾರಿಯ ಮಿತಿ 75 ಮೈಲಿ. ಹಳೆಯ ಎಸ್‌ಟಿ ಟೈರುಗಳ ಮೇಲೆ ಬೇರೆ ಏನೂ ಬರೆದಿಲ್ಲವಾದರೆ 65 ಮೈಲಿಯೇ ಮಿತಿ, ಅಂದರೆ ಸುಮಾರು 105 ಕಿಲೊಮೀಟರ್. ನಮ್ಮವರು 72ರಲ್ಲಿದ್ದರು. ಈಗ 62 ದಾಟುವುದಿಲ್ಲ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ನಾನು ಚಕ್ಕುಲಿ ತಿನ್ನುತ್ತೇನೆ.

2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸ್ ಕರೆಸಿಕೊಂಡದ್ದು ಹಲವರಿಗೆ ನೆನಪಿರಬಹುದು. ಪಟ್ಟಿ ಕಿತ್ತು ಬಂದು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳು ಮಗುಚಿ ಬಿದ್ದಿದ್ದವು, ಬಿಸಿಲ ರಾಜ್ಯಗಳಲ್ಲೇ ಹೆಚ್ಚು. ಅದೇ ವರ್ಷ ಬಂದ ಕಾನೂನಿನ ಫಲವಾಗಿ ಅಮೆರಿಕದ ಹೊಸ ಕಾರುಗಳಿಗೆಲ್ಲ ಗಾಳಿ ಇಳಿದರೆ ಎಚ್ಚರಿಸುವ ದೀಪ ಕಡ್ಡಾಯವಾಯಿತು. ಆದರೆ ಟ್ರೈಲರುಗಳನ್ನು ಆ ನಿಯಮಕ್ಕೆ ಸೇರಿಸಲಿಲ್ಲ. ಟೈರು ಹೋದರೆ ಚಾಲಕನಿಗೆ ಗೊತ್ತೇ ಆಗದ ಗಾಡಿಗೇ ದೀಪ ಬೇಡವಂತೆ! ನಾನು ನಾಲ್ಕು ಸೆನ್ಸರ್ ಕೊಂಡು ವಾಲ್ವಿಗೆ ತಿರುಪಿದ್ದೇನೆ. ಡ್ಯಾಶ್‌ಬೋರ್ಡಿನ ಮೇಲೆ ಬೆಂಕಿಪೊಟ್ಟಣದಷ್ಟು ಪರದೆ. 2023ರ ಬೇಸಿಗೆಯಲ್ಲಿ ಫೀನಿಕ್ಸಿನಲ್ಲಿ ಸತತ 31 ದಿನ 43 ಡಿಗ್ರಿ ದಾಟಿತಲ್ಲ, ಆಗ ಆ ಪರದೆ ನೋಡಿಕೊಂಡೇ ಫ್ಲ್ಯಾಗ್‌ಸ್ಟಾಫ್ ಬೆಟ್ಟ ಹತ್ತಿದ್ದು.

ತಂಗಿಯ ಮಾತು ಬಂತಲ್ಲ. ಅವಳ ಕಾರು ಬೆಂಗಳೂರಿನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ವಾರವಿಡೀ ನಿಂತಿರುತ್ತದೆ. ಗಂಡ ಹೆಂಡತಿ ಇಬ್ಬರೂ ಮೆಟ್ರೊದಲ್ಲಿ ಹೋಗುತ್ತಾರೆ. ತಿಂಗಳಿಗೊಮ್ಮೆ ಅಪ್ಪನನ್ನು ನೋಡಲು ಎಕ್ಸ್‌ಪ್ರೆಸ್‌ವೇ ಹಿಡಿಯುತ್ತಾರೆ. ಕೆಳಗೆ ಹೋಗಿ ಅಂಕಿ ಓದು ಅಂದೆ. ಫೋಟೊ ಕಳಿಸಿದಳು: 1116. ಕೆಳಗೆ ಬರೆದಿದ್ದಳು, “ಅಕ್ಕಾ, ಇದು ನಮ್ ಮಗು ಚಿಂಟೂಗಿಂತ ದೊಡ್ಡದು ಕಣೇ.” ನಾನು ಆಗಲೇ ಹೇಳಿದ ಬಿಲ್ಲು ಬಂದದ್ದು ಹೀಗೆ. ವಾರದೊಳಗೆ ನಾಲ್ಕೂ ಟೈರು ಬದಲಿಸಿ, ಅಚ್ಚಾಗದ ವಾರ-ವರ್ಷವನ್ನು ಅಂಗಡಿಯವನ ಕೈಯಲ್ಲಿ ಬಿಲ್ಲಿನ ಮೂಲೆಯಲ್ಲಿ ಪೆನ್ನಿನಿಂದ ಬರೆಸಿಕೊಂಡಳು.

ಖುಷಿಯಾಯಿತು. ಸ್ಟೆಪ್ನಿ ನೋಡಿದೆಯಾ ಅಂತ ಕೇಳಿದೆ.

“ಅದು ಹೊಸದೇ ಅಕ್ಕ. ಗಾಡಿ ತಗೊಂಡಾಗಿನಿಂದ ಒಂದು ಸಲನೂ ಹಾಕಿಲ್ಲ.”