ಸದಸ್ಯರು ಎಷ್ಟಾದರು ಅಂತ ಕೇಳಿದ್ದು ಯಾರು?

ಮೆಕ್ಕೆಜೋಳದ ತೆನೆ ಮುರಿಯೋದು ಮುಗೀತು. ಒಕ್ಕೋ ಮಿಷನ್ ಸರದಿ ಇನ್ನೂ ಬಂದಿಲ್ಲ, ಹಂಗಾಗಿ ನಾಲ್ಕು ದಿನ ಕೈ ಖಾಲಿ. ಈ ಸಲ ಸೈನಿಕ ಹುಳದ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ಸಲ ಇರಲಿ. ಇವತ್ತು ಬೇರೆ ಹುಳದ ವಿಚಾರ.

ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಪಕ್ಷದ ತಾಲ್ಲೂಕು ಘಟಕದವರು ವರ್ಷದ ವರದಿ ಹಾಕಿದ್ರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ಕಡೆ ವರ್ಷವಿಡೀ ಪ್ರಚಾರ ಮಾಡಿದ್ದು, ಸಂತೆಯಲ್ಲಿ ಕರಪತ್ರ ಹಂಚಿದ್ದು, ಬಸ್ ಸ್ಟ್ಯಾಂಡಲ್ಲಿ ಟೇಬಲ್ ಹಾಕಿದ್ದು, ಕೊನೆಗೆ ಸದಸ್ಯತ್ವ ಎಷ್ಟು ಪಟ್ಟು ಏರಿತು ಅಂತ ದಪ್ಪಕ್ಷರದ ಲೆಕ್ಕ. ಪಕ್ಷದ ಹೆಸರು ನಾನು ಬರೆಯಲ್ಲ. ಬರೆದ್ರೆ ಮಾತು ಆ ಪಕ್ಷದ ಮೇಲೆ ಹೋಗುತ್ತೆ, ಉಳಿದವರು ಪಾರಾಗ್ತಾರೆ. ಹುಡುಗರು ಬಿಸಿಲಲ್ಲಿ ಓಡಾಡಿದ್ದು ಸುಳ್ಳಲ್ಲ, ಅದನ್ನ ಒಪ್ಪುತೀನಿ. ಆದರೆ ಆ ವರದಿಯನ್ನ ಎರಡು ಸಲ ಓದಿದೆ. ಸೇರಿದೋರ ಲೆಕ್ಕ ಇತ್ತು. ಸೇರಿದೋರು ಏನು ಕೇಳಿದ್ರು ಅನ್ನೋದು ಒಂದು ಸಾಲೂ ಇರಲಿಲ್ಲ.

ಈ ವರ್ಷ ನಮ್ಮ ಕಡೆ ಎಲ್ಲರೂ ಕೇಳಬೇಕಾಗಿದ್ದ ಮಾತು ಯಾವುದು ಅಂತ ಹೇಳ್ತೀನಿ. 2016ರ ಫೆಬ್ರವರಿಯಲ್ಲಿ ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗೆ ಓಟು ಹಾಕಿದ್ವಿ. 2021ಕ್ಕೆ ಅವಧಿ ಮುಗೀತು. ಇವತ್ತು 2025ರ ಡಿಸೆಂಬರ್. ಮತ್ತೆ ಚುನಾವಣೆ ಆಗಿಲ್ಲ. ಐದು ವರ್ಷ ಮುಗಿಯೋದರೊಳಗೆ ಚುನಾವಣೆ ಮಾಡಬೇಕು ಅಂತ ಸಂವಿಧಾನದ 243ಇ ವಿಧಿಯಲ್ಲೇ ಐತೆ. 2021ರಲ್ಲಿ ಇದ್ದದ್ದು ಬಿಜೆಪಿ ಸರ್ಕಾರ. ಕ್ಷೇತ್ರ ವಿಂಗಡಣೆ ಕೆಲಸವನ್ನ ರಾಜ್ಯ ಚುನಾವಣಾ ಆಯೋಗದ ಕೈಯಿಂದ ಕಿತ್ಕೊಂಡು ಬೇರೆ ಆಯೋಗ ಮಾಡಿ ಕೊಟ್ಟರು. 2023ರಲ್ಲಿ ಕಾಂಗ್ರೆಸ್ ಬಂತು. ಮೀಸಲಾತಿ ಪಟ್ಟಿ, ಕೋರ್ಟು, ವಾಯಿದೆ, ಮತ್ತೆ ವಾಯಿದೆ. ಬೇರೆ ಎಲ್ಲದಕ್ಕೂ ಬಡಿದಾಡೋ ಎರಡು ಪಕ್ಷ ಇದೊಂದರಲ್ಲಿ ಅಣ್ಣ ತಮ್ಮ.

ನ್ಯಾಮತಿಯೋರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಾಗಬೇಕು. ಹೊನ್ನಾಳಿಯಿಂದ ಬಿಡಿಸಿ 2018ರಲ್ಲಿ ನ್ಯಾಮತಿಯನ್ನ ತಾಲ್ಲೂಕು ಮಾಡಿದ್ರು. ಬೋರ್ಡು ಬಂತು, ತಹಶೀಲ್ದಾರ್ ಬಂದ್ರು, ಪೇಡ ಹಂಚಿದ್ರು. ತಾಲ್ಲೂಕಾದ ಮೇಲೆ ನ್ಯಾಮತಿಗೆ ಅಂತಲೇ ತಾಲ್ಲೂಕು ಪಂಚಾಯ್ತಿ ಚುನಾವಣೆ ಇವತ್ತಿನ ತನಕ ಒಂದು ಸಲನೂ ನಡೆದಿಲ್ಲ. 2016ರಲ್ಲಿ ಹದಿನೇಳು ತುಂಬಿದ್ದ ನಮ್ಮೂರ ಹುಡುಗನಿಗೆ ಈಗ ಮದುವೆಯಾಗಿ ಮಗು ಅಂಗನವಾಡಿಗೆ ಹೋಗ್ತಾ ಐತೆ. ಅವನು ಜೀವನದಲ್ಲಿ ಜಿಲ್ಲಾ ಪಂಚಾಯ್ತಿಗೆ ಓಟು ಹಾಕಿಲ್ಲ. ಆದರೆ ಅವನು ಎರಡು ಪಕ್ಷದ ಸದಸ್ಯ! ಒಂದಕ್ಕೆ ಮಿಸ್ ಕಾಲ್ ಕೊಟ್ಟಿದ್ದ, ಇನ್ನೊಂದಕ್ಕೆ ಟೀ ಅಂಗಡಿಯಲ್ಲಿ ಓಟಿಪಿ ಹೇಳಿದ್ದ. ಕೇಳಿದ್ರೆ ನಗ್ತಾನೆ.

"ಆಗದಿದ್ರೆ ಏನು ನಷ್ಟ, ಆ ಸದಸ್ಯರೂ ತಿನ್ನೋರೇ ಅಲ್ವಾ" ಅಂತೀರಿ, ಗೊತ್ತು. ತಿನ್ನೋನು ಇದ್ರೂ ಅವನ ಮನೆ ಬಾಗಿಲು ನಮಗೆ ಹತ್ತಿರ ಇತ್ತು. ಹಾಸ್ಟೆಲ್ ಸೋರುತ್ತೆ ಅಂದ್ರೆ, ಶಾಲೆ ಹೆಂಚು ಹೋಯ್ತು ಅಂದ್ರೆ, ತೋಟದ ದಾರಿ ಕೊಚ್ಚಿಹೋಯ್ತು ಅಂದ್ರೆ ಬೈಕ್ ನಿಲ್ಲಿಸಿ ಕೇಳಬಹುದಿತ್ತು. ಮುಂದಿನ ಸಲ ಅದೇ ಊರಲ್ಲಿ ಓಟು ಕೇಳಬೇಕಿತ್ತು ಅವನು. ಈಗ ತಾಲ್ಲೂಕು ಪಂಚಾಯ್ತಿಗೆ ಆಡಳಿತಾಧಿಕಾರಿ. ಜಿಲ್ಲಾ ಪಂಚಾಯ್ತಿಗೂ ಆಡಳಿತಾಧಿಕಾರಿ. ಯಾವ ಊರಿಗೆ ರಸ್ತೆ, ಯಾವ ಕಾಲೋನಿಗೆ ನೀರಿನ ಟ್ಯಾಂಕು, ಎಲ್ಲ ಹೋಗಿ ನಿಲ್ಲೋದು ಎಮ್ಮೆಲ್ಲೆ ಮನೆ ಮುಂದೆ. ಬೆಳಿಗ್ಗೆ ಏಳಕ್ಕೆ ಹೋದ್ರೆ ಅಲ್ಲಿ ನೂರು ಜನ. ಯಾವ ಪಕ್ಷದ ಎಮ್ಮೆಲ್ಲೆಯಾದ್ರೂ ಈ ಸುಖ ಬಿಟ್ಟುಕೊಡ್ತಾನಾ ಹೇಳಿ? ಗ್ರಾಮ ಪಂಚಾಯ್ತಿ ಒಂದು ಉಳಿದಿತ್ತು. 2020ರ ಡಿಸೆಂಬರಲ್ಲಿ ಆರಿಸಿದ್ದು, ಅದರ ಅವಧಿಯೂ ಮುಗೀತಾ ಬಂತು. ಅದನ್ನೂ ಹಿಂಗೇ ನೇತುಹಾಕಿದ್ರೆ ಊರಿನಿಂದ ವಿಧಾನಸೌಧದವರೆಗೆ ನಾವು ಆರಿಸಿದ ಮನುಷ್ಯ ಅಂತ ನಡುವೆ ಒಬ್ಬನೂ ಇರಲ್ಲ.

ಇದು ಎಂಥ ರಾಜ್ಯದಲ್ಲಿ ಆಗ್ತಿರೋದು? 1987ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ನಜೀರ್ ಸಾಬ್ ಮಂತ್ರಿ ಆಗಿದ್ದಾಗ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗೆ ಚುನಾವಣೆ ಮಾಡಿ ತೋರಿಸಿದ್ದು ಕರ್ನಾಟಕ. ಸಂವಿಧಾನ ತಿದ್ದುಪಡಿ ಜಾರಿಗೆ ಬಂದಿದ್ದು 1993ರಲ್ಲಿ, ಅದಕ್ಕೂ ಮುಂಚೆ. ನೀರ್ ಸಾಬ್ ಅಂತ ಕರೀತಿದ್ರು ಅವರನ್ನ, ಬೋರ್ ಹಾಕಿಸಿ ಹಾಕಿಸಿ. ಈ ದಾವಣಗೆರೆ ಜಿಲ್ಲೆ ಆಗಿದ್ದೇ 1997ರ ಆಗಸ್ಟ್ 15ಕ್ಕೆ, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿ ಆಗಿದ್ದಾಗ. ಆಡಳಿತ ಜನರ ಹತ್ತಿರ ಬರಲಿ ಅಂತ ಮಾಡಿದ ಜಿಲ್ಲೆಯಲ್ಲಿ ಜನರು ಆರಿಸಿದ ಜಿಲ್ಲಾ ಪಂಚಾಯ್ತಿಯೇ ಇಲ್ಲ.

ನಮ್ಮ ವರದಿಯ ಪಕ್ಷದೋರು ಈ ಬಗ್ಗೆ ಒಂದು ಕರಪತ್ರ ಹಂಚಿದ್ರಾ? ಒಂದು ಅರ್ಜಿ ಕೊಟ್ಟರಾ? ವರದಿಯಲ್ಲಂತೂ ಇಲ್ಲ. ಫೋನ್ ಮಾಡಿ ಕೇಳಿದೆ. "ಅಣ್ಣ, ಈಗ ಸಂಘಟನೆ ಹಂತ, ಚುನಾವಣೆ ಬಂದಾಗ ನೋಡೋಣ" ಅಂದ ಹುಡುಗ. ಚುನಾವಣೆ ಬರ್ತಿಲ್ಲ ಅನ್ನೋದೇ ನನ್ನ ಮಾತು ಕಣಪ್ಪಾ, ಅಂದೆ. ಮೇಲಿನೋರ ಹತ್ರ ಮಾತಾಡಿ ಹೇಳ್ತೀನಿ ಅಂದ. ಹೊಸ ಪಕ್ಷ, ಆಗಲೇ ಮೇಲಿನೋರು!

ಸದಸ್ಯತ್ವದ ಲೆಕ್ಕ ನನಗೆ ಹೊಸದಲ್ಲ. ನಮ್ಮಪ್ಪ ಹಸಿರು ಶಾಲು ಹಾಕಿದೋರು. 1980ರಲ್ಲಿ ನರಗುಂದ ನವಲಗುಂದದ ಗೋಲಿಬಾರ್ ಆದ ಮೇಲೆ ರೈತಸಂಘ ಹುಟ್ಟಿತು. ಶಿವಮೊಗ್ಗ ಕಡೆ ರುದ್ರಪ್ಪನವರು, ಸುಂದರೇಶ್ ಅವರು, ಆಮೇಲೆ ಪ್ರೊ. ನಂಜುಂಡಸ್ವಾಮಿಯವರು. ನಾನು ಆಗ ಸ್ಕೂಲ್ ಹುಡುಗ. ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಅಂತ ಊರಬಾಗಿಲಿಗೆ ಬೋರ್ಡು ಹಾಕ್ತಿದ್ರು. ಸಾಲಕ್ಕೆ ಜಪ್ತಿ ಮಾಡಿಕೊಂಡು ಹೋದ ಸಾಮಾನನ್ನ ಜನ ಸೇರಿ ಮರುಜಪ್ತಿ ಮಾಡಿ ತರ್ತಿದ್ರು. ಸದಸ್ಯ ಅಂದ್ರೆ ಆವತ್ತು ರಾತ್ರಿ ಕರೆದ್ರೆ ಎದ್ದು ಬರೋನು. ಅವನ ನಂಬರ್ ಯಾರ ಕಂಪ್ಯೂಟರಲ್ಲೂ ಇರಲಿಲ್ಲ. 1992ರಲ್ಲಿ ನಮ್ಮ ಪಕ್ಕದ ಆನಗೋಡಲ್ಲಿ ಗೊಬ್ಬರ ಕೇಳಿದ್ದಕ್ಕೆ ಗುಂಡು ಹಾರಿ ಇಬ್ಬರು ರೈತರು ಹೋದರು. ಈಗಲೂ ಸೆಪ್ಟೆಂಬರ್ ಬಂದ್ರೆ ಅಲ್ಲಿ ಹೂವಿನ ಹಾರ ಹಾಕ್ತೀವಿ. ಎಲ್ಲ ಪಕ್ಷದೋರೂ ಬರ್ತಾರೆ.

ಅಷ್ಟು ಜನ ಇದ್ದ ಸಂಘ 1989ರಲ್ಲಿ ಚುನಾವಣೆಗೆ ಇಳಿದಾಗ ಏನಾಯ್ತು? ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮೀಣ ಎರಡೂ ಕಡೆ ಗೆದ್ದರು. ಬಿಟ್ಟ ಧಾರವಾಡದಿಂದ ನಂಜುಂಡಸ್ವಾಮಿಯವರು ವಿಧಾನಸಭೆಗೆ ಹೋದರು. ಶಾಲುಗಳ ಲೆಕ್ಕದಲ್ಲಿ ನೋಡಿದ್ರೆ ಸರ್ಕಾರವೇ ಆಗಬೇಕಿತ್ತು. ಆಮೇಲೆ ಸಂಘ ಒಡೀತು, ಮತ್ತೆ ಒಡೀತು. ಬಾಬಾಗೌಡರು 1998ರಲ್ಲಿ ಬಿಜೆಪಿಯಿಂದ ಬೆಳಗಾವಿಗೆ ಗೆದ್ದು ಕೇಂದ್ರದಲ್ಲಿ ಮಂತ್ರಿಯಾದರು. ತಪ್ಪು ಅಂತ ನಾನು ತೀರ್ಪು ಕೊಡಲ್ಲ. ಜನ ಸೇರೋದು ಬೇರೆ, ಓಟು ಬೀಳೋದು ಬೇರೆ, ಬಿದ್ದ ಓಟು ಕೆಲಸಕ್ಕೆ ಬರೋದು ಇನ್ನೂ ಬೇರೆ ಅಂತ ನಮ್ಮಪ್ಪನ ಕಾಲದೋರೇ ತಿಳ್ಕೊಂಡಿದ್ರು.

ಈಗಿನದ್ದು ನೋಡಿ. 2024ರ ಸೆಪ್ಟೆಂಬರಲ್ಲಿ ಬಿಜೆಪಿ ಮಿಸ್ ಕಾಲ್ ಅಭಿಯಾನ ಮಾಡ್ತು. ಅದಕ್ಕೂ ಮುಂಚೆ 2022ರ ಹೊತ್ತಿಗೆ ಕಾಂಗ್ರೆಸ್ಸಿನೋರು ಐದು ರೂಪಾಯಿಗೆ ಡಿಜಿಟಲ್ ಸದಸ್ಯತ್ವ ಮಾಡಿದ್ರು. ರವಿಕೃಷ್ಣಾ ರೆಡ್ಡಿಯವರ ಕೆಆರ್‌ಎಸ್ ಪಕ್ಷ 2019ರಲ್ಲಿ ಶುರುವಾಯ್ತು. ಆ ಹುಡುಗರು ಕಚೇರಿಗಳಿಗೆ ಹೋಗಿ ಮೊಬೈಲ್ ಹಿಡಿದು "ಯಾಕೆ ದುಡ್ಡು ಕೇಳಿದ್ರಿ" ಅಂತ ಎದುರಿಗೇ ಕೇಳೋದು ಎಲ್ಲರೂ ನೋಡಿದೀರಿ. ಆ ಧೈರ್ಯಕ್ಕೆ ಕೈ ಮುಗೀತೀನಿ. ಆದರೆ 2023ರಲ್ಲಿ ಅವರಿಗೆ ಒಂದು ಸೀಟೂ ಬರಲಿಲ್ಲ. ವಿಡಿಯೋ ನೋಡಿದೋರು ಲಕ್ಷ ಜನ, ಬೂತಲ್ಲಿ ಕೂರೋಕೆ ಜನ ಇಲ್ಲ. ನಮ್ಮ ಸಂಬಂಧಿಕರೊಬ್ಬರ ಪೋಡಿ ಫೈಲು ಒಂದು ಕಚೇರಿಯಲ್ಲಿ ಎರಡು ವರ್ಷದಿಂದ ಮಲಗಿದೆ. ಮೊಬೈಲ್ ಹಿಡಿದ ದಿನ ಎದ್ದು ಕೂರುತ್ತೆ, ಅವರು ಆಚೆ ಹೋದ ಮೇಲೆ ಮತ್ತೆ ಮಲಗುತ್ತೆ. ತಾಲ್ಲೂಕು ಪಂಚಾಯ್ತಿಯಲ್ಲಿ ನಮ್ಮೋರು ಅಂತ ಇಬ್ಬರು ಸದಸ್ಯರಿದ್ದಿದ್ರೆ ಸಭೆಯಲ್ಲಿ ಎದ್ದು ನಿಂತು ಊರಿನ ಮಾತು ಕೇಳೋರು. ಕೇಳಿದ್ದು ನಡಾವಳಿ ಪುಸ್ತಕದಲ್ಲಿ ಉಳೀತಿತ್ತು.

ಸಣ್ಣ ಪಕ್ಷದಿಂದ ಏನಾಗುತ್ತೆ ಅನ್ನೋ ಮಾತನ್ನೂ ನಾನು ಒಪ್ಪಲ್ಲ. ಜಗಳೂರಲ್ಲಿ 2023ರಲ್ಲಿ ಬಿ. ದೇವೇಂದ್ರಪ್ಪನವರು ಗೆದ್ದಿದ್ದು ಸಾವಿರಕ್ಕೂ ಕಡಿಮೆ ಓಟಲ್ಲಿ. 2024ರ ಲೋಕಸಭೆಯಲ್ಲಿ ದಾವಣಗೆರೆಗೆ ಪಕ್ಷೇತರ ನಿಂತ ವಿನಯ್ ಕುಮಾರ್ ಅವರಿಗೆ ಬಿದ್ದ ಓಟು ಗೆಲುವಿನ ಅಂತರಕ್ಕಿಂತ ಜಾಸ್ತಿ. ನಿಜವಾದ ಐನೂರು ಜನ ಒಂದು ತಾಲ್ಲೂಕಲ್ಲಿ ಒಂದೇ ಮಾತು ಹಿಡಿದು ಕೂತರೆ ದೊಡ್ಡ ಪಕ್ಷದೋರೇ ಕುರ್ಚಿ ತಂದು ಎದುರಿಗೆ ಕೂರ್ತಾರೆ. ಮಿಸ್ ಕಾಲ್ ಐದು ಸಾವಿರ ಇದ್ರೆ ಯಾರೂ ಕೂರಲ್ಲ, ಅವರ ಹತ್ರ ಅದಕ್ಕಿಂತ ದೊಡ್ಡ ಪಟ್ಟಿ ಐತೆ.

ಜಗಳೂರಿನ 57 ಕೆರೆ ಯೋಜನೆ ನೆನಪಿಸ್ಕೊಳ್ಳಿ. ಹರಿಹರ ತಾಲ್ಲೂಕಿನ ದೀಟೂರಿಂದ ತುಂಗಭದ್ರೆ ನೀರು ಎತ್ತಿ ಅಷ್ಟು ದೂರ ಹರಿಸೋದು. ಸಿರಿಗೆರೆ ಸ್ವಾಮೀಜಿಯವರು ಬೆನ್ನು ಬಿದ್ದರು, ಜನ ಬೆನ್ನು ಬಿದ್ದರು, ಸರ್ಕಾರ ಬದಲಾದ್ರೂ ಬಿಡಲಿಲ್ಲ. ಅದಕ್ಕೆ ಯಾರೂ ಓಟಿಪಿ ಕೇಳಿರಲಿಲ್ಲ.

ಈ ವರ್ಷದ ಮೆಕ್ಕೆಜೋಳ ತಗೊಳ್ಳಿ. ಕೇಂದ್ರ ಹೇಳಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400. ನವೆಂಬರಲ್ಲಿ ಮಾರ್ಕೆಟ್ಟಲ್ಲಿ ಎರಡು ಸಾವಿರದ ಕೆಳಗೆ ಬಿತ್ತು. ಎರಡು ಎಕರೆಗೆ 40 ಕ್ವಿಂಟಾಲ್ ಬೆಳೆದೋನು 1,800ಕ್ಕೆ ಕೊಟ್ಟರೆ 24,000 ರೂಪಾಯಿ ಕೈ ಬಿಟ್ಟಂಗೆ. ಮನೆಯಾಕೆಗೆ ಗೃಹಲಕ್ಷ್ಮಿ ತಿಂಗಳಿಗೆ 2,000, ವರ್ಷಕ್ಕೆ 24,000. ಬಂದದ್ದು ಹೋದದ್ದು ಸರಿಹೋಯ್ತು! ರಾಜ್ಯದೋರು ದೆಹಲಿ ಕಡೆ ಬೆರಳು ತೋರಿಸಿದ್ರು, ದೆಹಲಿಯೋರ ಪಕ್ಷ ಬೆಂಗಳೂರು ಕಡೆ ತೋರಿಸ್ತು. ಹೊಸ ಪಕ್ಷದೋರು ಆ ಹದಿನೈದು ದಿನ ಎಲ್ಲಿದ್ರು? ಫೋಟೋ ನೋಡಿದೆ, ತಾರೀಕು ಐತೆ ಅದರ ಮೇಲೆ. ಬಸ್ ಸ್ಟ್ಯಾಂಡಲ್ಲಿ ಸದಸ್ಯತ್ವದ ಟೇಬಲ್. ಎಪಿಎಂಸಿ ಯಾರ್ಡು ಅಲ್ಲಿಂದ ಎಷ್ಟು ದೂರ ಸ್ವಾಮಿ? ರಾಶಿ ಮುಂದೆ ಟೇಬಲ್ ಹಾಕಿ ಇವತ್ತು ಯಾರಿಗೆ ಎಷ್ಟು ಬೆಲೆ ಕೊಟ್ಟರು ಅಂತ ಬರೆದಿಟ್ಟಿದ್ರೆ ಆ ಪುಸ್ತಕ ಜಿಲ್ಲಾಧಿಕಾರಿಗೆ ಕೊಡೋ ದಾಖಲೆ ಆಗ್ತಿತ್ತು. ಸದಸ್ಯರಾಗೋಕೆ ಜನ ತಾವಾಗೇ ಸಾಲು ನಿಲ್ತಿದ್ರು.

ಪಕ್ಷ ಸೇರಬೇಡಿ ಅಂತ ನಾನು ಹೇಳ್ತಿಲ್ಲ. ಯಾವುದಾದ್ರೂ ಸೇರಿ, ಹೆಣ್ಣುಮಕ್ಕಳೂ ಸೇರಿ. ಆದರೆ ಟೇಬಲ್ ಹತ್ರ ನಿಂತಾಗ ಮೊಬೈಲ್ ಜೇಬಲ್ಲೇ ಇಟ್ಕೊಂಡು ಮೊದಲು ಕೇಳಿ. ನಮ್ಮ ತಾಲ್ಲೂಕಿನ ಅಧ್ಯಕ್ಷನನ್ನ ಯಾರು ಆರಿಸಿದ್ರು, ಸದಸ್ಯರೋ ಬೆಂಗಳೂರೋ? ಕಟ್ಟಿದ ಹಣದ ಲೆಕ್ಕ ಎಲ್ಲಿ ಹಾಕ್ತೀರಿ? ಸದಸ್ಯರ ಸಭೆ ವರ್ಷಕ್ಕೆ ಎಷ್ಟು ಸಲ, ಯಾವ ಊರಲ್ಲಿ? ತಾಲ್ಲೂಕು ಪಂಚಾಯ್ತಿ ಚುನಾವಣೆ ಮಾಡಿ ಅಂತ ಇಲ್ಲಿವರೆಗೆ ಏನು ಮಾಡಿದೀರಿ? ಉತ್ತರ ಬಾಯಲ್ಲಿ ಬೇಡ, ಬರೆದು ಕೊಡಿ ಅನ್ನಿ. ಕೊಟ್ಟರೆ ಓಟಿಪಿ ಹೇಳಿ. ಕೊಡದಿದ್ರೆ ಟೀ ಕುಡಿದು ಬನ್ನಿ.

ನಾನು ಒಂದು ಅರ್ಜಿ ಬರೆದಿದೀನಿ, ಒಂದೇ ಪುಟ. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ ಚುನಾವಣೆ ಕೂಡಲೇ ಮಾಡಿ, ಗ್ರಾಮ ಪಂಚಾಯ್ತಿಯದ್ದು ಮುಂದಕ್ಕೆ ಹಾಕಬೇಡಿ ಅಂತ. ರಾಜ್ಯ ಚುನಾವಣಾ ಆಯೋಗಕ್ಕೆ ಒಂದು ಪ್ರತಿ, ಪಂಚಾಯತ್ ರಾಜ್ ಇಲಾಖೆಗೆ ಒಂದು, ನಮ್ಮ ಎಮ್ಮೆಲ್ಲೆಯವರಿಗೆ ಒಂದು. ಪೋಸ್ಟು ಮಾಡ್ತೀನಿ. ಚನ್ನಗಿರಿ, ಹೊನ್ನಾಳಿ, ಜಗಳೂರಿನೋರು ತಾಲ್ಲೂಕಿನ ಹೆಸರು ಬದಲಾಯಿಸಿ ಅದನ್ನೇ ಕಳಿಸಬಹುದು. ಬೇಕಾದೋರು ಕೆಳಗೆ ಹೇಳಿ, ಪುಟದ ಫೋಟೋ ಹಾಕ್ತೀನಿ. ವರದಿ ಕಳಿಸಿದ ಪಕ್ಷದ ಹುಡುಗರಿಗೂ ಒಂದು ಪ್ರತಿ ಕಳಿಸಿದೀನಿ. ನಿಮ್ಮ ಲೆಕ್ಕದಲ್ಲಿ ಇರೋ ಅಷ್ಟೂ ಸದಸ್ಯರ ಸಹಿ ಹಾಕಿಸಿಕೊಂಡು ಬನ್ನಿ ಅಂದಿದೀನಿ. ಇವತ್ತಿಗೆ ಹನ್ನೊಂದು ದಿನ ಆಯ್ತು. ನೀಲಿ ಟಿಕ್ ಬಿದ್ದೈತೆ.