ಸ್ಪೀಕರಿಗೂ ಕೂಡಾವಳಿ ನೋಡಿ



ಮೊದಲ ಸಂಬಳ ಕೈಗೆ ಬಂತು. ಅಮ್ಮನಿಗೊಂದು ಸೀರೆ, ದೇವರಿಗೊಂದು ತೆಂಗಿನಕಾಯಿ ಆಯಿತು. ಆಮೇಲೆ ನಿಮ್ಮಲ್ಲಿ ಅನೇಕರ ಮನಸ್ಸು ಓಡುವುದು ಹಾಡು ಕೇಳುವ ಸಾಮಾನಿನ ಕಡೆಗೆ. ಕೆಲವರ ಮನೆಯ ಲಾಫ್ಟಿನಲ್ಲಿ ಅಪ್ಪ ಎಂದೋ ಆಸೆಪಟ್ಟು ಕೊಂಡ ಸ್ಟೀರಿಯೋ ಆಂಪ್ಲಿಫೈಯರ್ ಇನ್ನೂ ಗಟ್ಟಿಮುಟ್ಟಾಗಿ ಕುಳಿತಿರುತ್ತದೆ, ಅದರ ಸ್ಪೀಕರುಗಳು ಮಾತ್ರ ಹರಿದು ಹೋಗಿರುತ್ತವೆ. ಇನ್ನು ಕೆಲವರು ಹೊಸ ಆಂಪ್ಲಿಫೈಯರನ್ನೇ ತಂದಿರುತ್ತಾರೆ. ಇಬ್ಬರದೂ ಒಂದೇ ಪ್ರಶ್ನೆ: ಇದಕ್ಕೆ ಯಾವ ಸ್ಪೀಕರ್ ಹೊಂದುತ್ತದೆ?

ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ಪುಣೆಯ ಬುಧವಾರ ಪೇಟೆ, ಚೆನ್ನೈಯ ರಿಚಿ ಸ್ಟ್ರೀಟ್, ಹೈದರಾಬಾದಿನ ಕೋಠಿ, ದೆಹಲಿಯ ಲಾಜಪತ್ ರಾಯ್ ಮಾರ್ಕೆಟ್, ಎಲ್ಲಿಗೆ ಹೋದರೂ ಅಂಗಡಿಯವರ ಉತ್ತರ ಸಾಮಾನ್ಯವಾಗಿ "ದೊಡ್ಡದು ತಗೊಳ್ಳಿ" ಎಂಬುದೇ. ಆದರೆ ಸ್ಪೀಕರ್ ಆರಿಸುವುದೆಂದರೆ ಹೆಣ್ಣು-ಗಂಡಿನ ಕೂಡಾವಳಿ ನೋಡಿದ ಹಾಗೆ. ಎರಡೂ ಕಡೆಯವರು ಒಳ್ಳೆಯವರೇ ಇರಬಹುದು, ಕೂಡಿ ಬಾಳುತ್ತಾರೆಯೇ ಎಂಬುದು ಬೇರೆಯೇ ಪ್ರಶ್ನೆ. ಇಲ್ಲಿ ನೋಡಬೇಕಾದ ಗುಣಗಳು ಮುಖ್ಯವಾಗಿ ಮೂರು: ಓಮ್, ಡೆಸಿಬೆಲ್ ಮತ್ತು ವಾಟ್. ಈ ಮೂರನ್ನು ಓದಲು ಬಂದರೆ ನಿಮ್ಮ ಹಣವೂ ಉಳಿಯುತ್ತದೆ, ಅಪ್ಪನ ಆಂಪ್ಲಿಫೈಯರೂ ಉಳಿಯುತ್ತದೆ.

ಮೊದಲು ಓಮ್

ಆಂಪ್ಲಿಫೈಯರಿನ ಬೆನ್ನು ತಿರುಗಿಸಿ ನೋಡಿ. ಸ್ಪೀಕರ್ ಸಿಕ್ಕಿಸುವ ಜಾಗದ ಹತ್ತಿರ "8-16 ಓಮ್" ಎಂದೋ "4-8 ಓಮ್" ಎಂದೋ ಬರೆದಿರುತ್ತದೆ. ಸ್ಪೀಕರಿನ ಬೆನ್ನಿನಲ್ಲೂ 4, 6 ಅಥವಾ 8 ಎಂದು ಇರುತ್ತದೆ. ಓಮ್ ಎಂದರೆ ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆ. ತಡೆ ಕಡಿಮೆಯಾದಷ್ಟೂ ಆಂಪ್ಲಿಫೈಯರಿನಿಂದ ಹೆಚ್ಚು ಕರೆಂಟು ಹರಿಯುತ್ತದೆ.

ಲೆಕ್ಕ ಸುಲಭ. ಆಂಪ್ಲಿಫೈಯರ್ 20 ವೋಲ್ಟ್ ಕೊಡುತ್ತಿದೆ ಎನ್ನಿ. 8 ಓಮ್ ಸ್ಪೀಕರಿಗೆ ಎರಡೂವರೆ ಆಂಪಿಯರ್ ಹೋಗುತ್ತದೆ, ಅಂದರೆ 50 ವಾಟ್. ಅದೇ ಜಾಗಕ್ಕೆ 4 ಓಮ್ ಸ್ಪೀಕರ್ ಸಿಕ್ಕಿಸಿದರೆ 5 ಆಂಪಿಯರ್, 100 ವಾಟ್. "ಒಳ್ಳೆಯದೇ ಆಯಿತಲ್ಲ, ಎರಡು ಪಟ್ಟು ಸದ್ದು!" ಎನ್ನಬೇಡಿ. 8 ಓಮಿಗೆಂದು ಕಟ್ಟಿದ ಯಂತ್ರಕ್ಕೆ ಇದು ತಾಳಲಾರದ ಹೊರೆ. ಮೊದಲು ಬಿಸಿಯಾಗುತ್ತದೆ, ಆಮೇಲೆ ಫ್ಯೂಸು ಹೋಗುತ್ತದೆ, ಕೊನೆಗೆ ಒಳಗಿನ ಪವರ್ ಟ್ರಾನ್ಸಿಸ್ಟರೇ ಹೋಗುತ್ತದೆ. ಹಳೆಯ ಯಂತ್ರಗಳಿಗೆ ಅಂಥ ಬಿಡಿಭಾಗ ಹುಡುಕುವುದು ಹಬ್ಬದ ಹಿಂದಿನ ದಿನ ಊರಿಗೆ ರೈಲು ಟಿಕೆಟು ಹುಡುಕಿದಷ್ಟೇ ಕಷ್ಟ.

ಆದ್ದರಿಂದ ನಿಯಮ ಇದು: ಸ್ಪೀಕರಿನ ಓಮ್ ಆಂಪ್ಲಿಫೈಯರ್ ಹೇಳಿದ ಕನಿಷ್ಠ ಸಂಖ್ಯೆಗಿಂತ ಕೆಳಗೆ ಇಳಿಯಬಾರದು. ಮೇಲಿದ್ದರೆ ತೊಂದರೆಯಿಲ್ಲ, ಸದ್ದು ಸ್ವಲ್ಪ ಕಡಿಮೆ ಬರುತ್ತದೆ ಅಷ್ಟೆ. ಹಾಲಿಗೊಂದು ಜೊತೆ, ಬೆಡ್‌ರೂಮಿಗೊಂದು ಜೊತೆ ಎಂದು ಎರಡೆರಡು ಸ್ಪೀಕರುಗಳನ್ನು ಒಂದೇ ತುದಿಗೆ ಸೇರಿಸುವವರೂ ಇದ್ದಾರೆ. 8 ಓಮಿನ ಎರಡನ್ನು ಹೀಗೆ ಅಕ್ಕಪಕ್ಕ ಸೇರಿಸಿದರೆ ಆಂಪ್ಲಿಫೈಯರಿಗೆ ಕಾಣುವುದು 4 ಓಮ್ ಎಂಬುದನ್ನು ಮರೆಯಬೇಡಿ.

ಹಳೆಯ ಸ್ಪೀಕರಿನ ಚೀಟಿ ಕಿತ್ತುಹೋಗಿದ್ದರೆ ಮಲ್ಟಿಮೀಟರಿನಿಂದ ಅಳೆಯಬಹುದು. ಮೀಟರ್ ತೋರಿಸುವುದು ತಂತಿಯ ಸಾದಾ ತಡೆಯನ್ನು ಮಾತ್ರ. ಹಾಗಾಗಿ 8 ಓಮಿನ ಸ್ಪೀಕರಿನಲ್ಲಿ 6 ಅಥವಾ 7 ಎಂದು ಬರುತ್ತದೆ, 4 ಓಮಿನದರಲ್ಲಿ 3ರಿಂದ ಮೂರೂವರೆ. ಅದು ದೋಷವಲ್ಲ. ಹಾಡು ನುಡಿಯುವಾಗಲೂ ಓಮ್ ಒಂದೇ ಸಮ ಇರುವುದಿಲ್ಲ, ಸ್ವರಕ್ಕೆ ತಕ್ಕಂತೆ ಏರಿಳಿಯುತ್ತದೆ. ಬರೆದ ಸಂಖ್ಯೆಯ ಶೇಕಡಾ 80ಕ್ಕಿಂತ ಕೆಳಗೆ ಅದು ಇಳಿಯಬಾರದು ಎಂಬುದು ಅಂತರರಾಷ್ಟ್ರೀಯ ಮಾನದಂಡ.

ಎರಡನೆಯದು ಡೆಸಿಬೆಲ್

ಇದನ್ನು ಯಾರೂ ಕೇಳುವುದಿಲ್ಲ, ಆದರೆ ಎಲ್ಲಕ್ಕಿಂತ ಉಪಯುಕ್ತವಾದ ಸಂಖ್ಯೆ ಇದೇ. ಸ್ಪೀಕರಿಗೆ ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಸದ್ದು ಬರುತ್ತದೆ ಎಂಬುದೇ ಅದರ ಸೂಕ್ಷ್ಮತೆ, ಅಂದರೆ ಸೆನ್ಸಿಟಿವಿಟಿ. ಮನೆಯ ಸ್ಪೀಕರುಗಳಲ್ಲಿ ಇದು ಹೆಚ್ಚಾಗಿ 84ರಿಂದ 92 ಡೆಸಿಬೆಲ್ ಒಳಗಿರುತ್ತದೆ. ಅಂತರ ಸಣ್ಣದೆಂದು ಕಾಣಬಹುದು. ಆದರೆ ಡೆಸಿಬೆಲ್ ಲೆಕ್ಕದಲ್ಲಿ 3 ಹೆಚ್ಚಾದರೆ ವಾಟ್ ಎರಡು ಪಟ್ಟಾದ ಹಾಗೆ. 10 ಹೆಚ್ಚಾದರೆ ವಾಟ್ ಹತ್ತು ಪಟ್ಟು, ಕಿವಿಗೆ ಮಾತ್ರ ಸುಮಾರು ಎರಡು ಪಟ್ಟು ಎನ್ನಿಸುತ್ತದೆ. ಅಂದರೆ 87 ಡೆಸಿಬೆಲ್ ಸ್ಪೀಕರಿಗೆ 40 ವಾಟ್ ಬೇಕಾದ ಕಡೆ 90 ಡೆಸಿಬೆಲ್ ಸ್ಪೀಕರಿಗೆ 20 ವಾಟ್ ಸಾಕು. ನಿಮ್ಮ ಆಂಪ್ಲಿಫೈಯರ್ ಚಿಕ್ಕದಿದ್ದರೆ ಅದನ್ನು ಬದಲಿಸುವ ಬದಲು ಸೂಕ್ಷ್ಮತೆ ಹೆಚ್ಚಿರುವ ಸ್ಪೀಕರನ್ನು ಹುಡುಕಿ.

ಮೂರನೆಯದು ವಾಟ್

ನಮ್ಮ ಫ್ಲ್ಯಾಟಿನ ಹಾಲಿಗೆ ಎಷ್ಟು ವಾಟ್ ಬೇಕು? 88 ಡೆಸಿಬೆಲ್ಲಿನ ಒಂದು ಜೊತೆ ಸ್ಪೀಕರ್ ಇಟ್ಟು, ನೀವು 8 ಅಡಿ ದೂರದಲ್ಲಿ ಸೋಫಾದ ಮೇಲೆ ಕುಳಿತಿದ್ದೀರಿ ಎನ್ನೋಣ. ಎರಡಕ್ಕೂ ಒಂದೊಂದೇ ವಾಟ್ ಕೊಟ್ಟರೂ ನಿಮ್ಮ ಕಿವಿಗೆ 80ರಿಂದ 85 ಡೆಸಿಬೆಲ್ ಸದ್ದು ಮುಟ್ಟುತ್ತದೆ. ಸಾಧಾರಣ ಮಾತುಕತೆ 60 ಡೆಸಿಬೆಲ್ ಆಸುಪಾಸಿನದು. ಅಂದರೆ ಒಂದು ವಾಟಿನಲ್ಲೇ ಅಡುಗೆ ಮನೆಯಿಂದ "ಸ್ವಲ್ಪ ಕಡಿಮೆ ಮಾಡೋ" ಎಂಬ ಕೂಗು ಬರುವಷ್ಟು ಸದ್ದಾಯಿತು!

ಹಾಗಾದರೆ ಉಳಿದ ವಾಟ್ ಯಾಕೆ? ಸಂಗೀತ ಒಂದೇ ಸಮ ಇರುವುದಿಲ್ಲವಲ್ಲ. ಭಾಗವತರ ಪದ ನಡೆಯುತ್ತಿರುವಾಗ ಚೆಂಡೆಯ ಪೆಟ್ಟೊಂದು ಬೀಳುತ್ತದೆ. ಅಂಥ ಪೆಟ್ಟು ಸರಾಸರಿಗಿಂತ 10ರಿಂದ 15 ಡೆಸಿಬೆಲ್ ಮೇಲೆ ಹಾರಬಹುದು. 10 ಎಂದರೆ ಹತ್ತು ವಾಟ್, 15 ಎಂದರೆ ಸುಮಾರು 32 ವಾಟ್, ಅದೂ ಕ್ಷಣಮಾತ್ರ. ಆದ್ದರಿಂದ ಫ್ಲ್ಯಾಟಿನ ಹಾಲಿಗೆ ಒಂದೊಂದು ಬದಿಗೆ 30ರಿಂದ 50 ವಾಟ್ ಧಾರಾಳ. ಮದುವೆ ಮಂಟಪಕ್ಕೆ ಬೇಕಾದದ್ದನ್ನು ಹತ್ತಡಿ ಕೋಣೆಗೆ ತರುವುದು ಬೇಡ.

ಪೆಟ್ಟಿಗೆಯ ಮೇಲೆ ಬರೆದ ವಾಟುಗಳನ್ನೆಲ್ಲ ನಂಬಬೇಡಿ. ಒಂದು ಕಾಲದಲ್ಲಿ ಅಂಗೈಯಷ್ಟು ಡಬ್ಬದ ಮೇಲೂ "1000 ವಾಟ್ ಪಿಎಂಪಿಒ" ಎಂದು ಅಚ್ಚು ಹಾಕುತ್ತಿದ್ದರು. ಪಿಎಂಪಿಒ ಎನ್ನುವುದಕ್ಕೆ ಒಪ್ಪಿತವಾದ ಅಳತೆಯೇ ಇಲ್ಲ. ನೋಡಬೇಕಾದದ್ದು ಆರ್‌ಎಂಎಸ್ ವಾಟ್. ಇನ್ನೂ ಸುಲಭವಾದ ಪರೀಕ್ಷೆ ಬೇಕೆ? ಕರೆಂಟಿಗೆ ಸಿಕ್ಕಿಸುವ ಯಂತ್ರದ ಬೆನ್ನಿನಲ್ಲಿ ಅದು ಎಷ್ಟು ವಾಟ್ ವಿದ್ಯುತ್ ತಿನ್ನುತ್ತದೆ ಎಂದು ಬರೆದಿರುತ್ತದೆ. ಗೋಡೆಯಿಂದ 20 ವಾಟ್ ತೆಗೆದುಕೊಳ್ಳುವ ಯಂತ್ರ ಹೊರಗೆ ಸಾವಿರ ವಾಟ್ ಸುರಿಯಲಾರದು.

ಸ್ಪೀಕರಿನ ಮೇಲೆ "20-100 ವಾಟ್" ಎಂದಿದ್ದರೆ ಆ ಎರಡರ ನಡುವಿನ ಆಂಪ್ಲಿಫೈಯರ್ ಹೊಂದುತ್ತದೆ. ದೊಡ್ಡ ಆಂಪ್ಲಿಫೈಯರ್ ಮಾತ್ರ ಸ್ಪೀಕರನ್ನು ಸುಡುತ್ತದೆ ಎಂಬುದು ಅರ್ಧ ಸತ್ಯ. ಚಿಕ್ಕ ಆಂಪ್ಲಿಫೈಯರನ್ನು ತುದಿಯವರೆಗೆ ತಿರುಗಿಸಿದರೂ ಸುಡುತ್ತದೆ. ಶಕ್ತಿ ಮೀರಿದಾಗ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ, ಆಗ ಹುಟ್ಟುವ ಕರ್ಕಶ ಸ್ವರಗಳೆಲ್ಲ ಟ್ವೀಟರಿಗೆ ನುಗ್ಗುತ್ತವೆ. 50 ವಾಟಿನ ಸ್ಪೀಕರಿನಲ್ಲೂ ಟ್ವೀಟರ್ ತಡೆದುಕೊಳ್ಳುವುದು ಕೆಲವೇ ವಾಟುಗಳನ್ನು. ಪಾರ್ಟಿಯ ರಾತ್ರಿ ಸದ್ದು ಒಡೆದಂತೆ ಕೇಳಿಸತೊಡಗಿದರೆ ಕೂಡಲೇ ಕಡಿಮೆ ಮಾಡಿ.

ಕೋಣೆಯೂ ಸಂಬಂಧಿಕರೇ

ಮದುವೆ ಇಬ್ಬರದಾದರೂ ಮನೆಯವರ ಮಾತು ಇರುತ್ತದಲ್ಲವೇ? ಹಾಗೆಯೇ ಕೋಣೆ. ಎದುರುಬದುರಿನ ಎರಡು ಗೋಡೆಗಳ ನಡುವೆ ಕೆಲವು ಮಂದ್ರ ಸ್ವರಗಳು ಸಿಕ್ಕಿಕೊಂಡು ಗುಂಯ್‌ಗುಡುತ್ತವೆ. 10 ಅಡಿ ಅಗಲದ ಹಾಲಿನಲ್ಲಿ ಇದು ಸುಮಾರು 56 ಹರ್ಟ್ಸಿನಲ್ಲಿ, 14 ಅಡಿ ಉದ್ದಕ್ಕೆ 40 ಹರ್ಟ್ಸಿನಲ್ಲಿ ಶುರುವಾಗುತ್ತದೆ. ಇಂಥ ಕೋಣೆಗೆ 12 ಇಂಚಿನ ವೂಫರ್ ತಂದರೆ ಹಾಡಿಗಿಂತ ಗುಡುಗೇ ಹೆಚ್ಚು. 5ರಿಂದ ಆರೂವರೆ ಇಂಚಿನ ವೂಫರ್ ಇರುವ ಬುಕ್‌ಶೆಲ್ಫ್ ಸ್ಪೀಕರ್ ನಮ್ಮ ಹಾಲುಗಳಿಗೆ ಒಪ್ಪುವ ಅಳತೆ.

ಹೆಸರು ಬುಕ್‌ಶೆಲ್ಫ್ ಎಂದಿದ್ದರೂ ಪುಸ್ತಕಗಳ ನಡುವೆ, ಶೋಕೇಸಿನೊಳಗೆ ತುರುಕಬೇಡಿ. ಮೂಲೆಗೆ ತಳ್ಳಬೇಡಿ, ಮೂಲೆಯಲ್ಲಿ ಮಂದ್ರ ಸ್ವರ ಉಬ್ಬುತ್ತದೆ. ಗೋಡೆಯಿಂದ ಒಂದಡಿಯಾದರೂ ಮುಂದಿಡಿ. ಎರಡು ಸ್ಪೀಕರ್ ಮತ್ತು ನೀವು ಸೇರಿ ಸಮಭುಜ ತ್ರಿಕೋನವಾಗಬೇಕು, ಟ್ವೀಟರ್ ನಿಮ್ಮ ಕಿವಿಯ ಎತ್ತರಕ್ಕಿರಬೇಕು. ಕೆಳಗೆ ರಬ್ಬರ್ ತುಂಡುಗಳನ್ನಿಡಿ. ಮಂದ್ರ ಸ್ವರ ಸ್ಲ್ಯಾಬಿನ ಮೂಲಕ ಕೆಳಗಿನ ಮನೆಗೆ ಇಳಿಯುತ್ತದೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಎಂಬುದು ಕೇಂದ್ರ ಸರಕಾರದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ. ಸೊಸೈಟಿಯ ಸೆಕ್ರೆಟರಿಯವರು ಬಾಗಿಲು ತಟ್ಟುವ ಮೊದಲೇ ಇದು ನೆನಪಿರಲಿ.

ವೈರಿನ ಬಗ್ಗೆ ಎರಡೇ ಮಾತು. 5 ಮೀಟರ್ ದೂರಕ್ಕೆ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ವೈರ್ ಹಾಕಿದರೆ ಹೋಗಿ ಬರುವ ದಾರಿ ಸೇರಿ ತಡೆ ಸುಮಾರು 0.12 ಓಮ್. ಇಷ್ಟು ಸಾಕು, ಚಿನ್ನದ ಬೆಲೆಯ ವೈರ್ ಬೇಡ. ಕರೆಗಂಟೆಗೆ ಹಾಕುವಂಥ ಕೂದಲೆಳೆಯ ವೈರೂ ಬೇಡ, ಅದರಲ್ಲಿ ಮುಕ್ಕಾಲು ಓಮಿಗೂ ಹೆಚ್ಚು ಪೋಲಾಗುತ್ತದೆ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ತಪ್ಪದೆ ಸೇರಿಸಿ. ಒಂದು ಬದಿ ತಿರುವುಮುರುವಾದರೆ ಮಂದ್ರ ಸ್ವರ ಸೊರಗುತ್ತದೆ, ಗಾಯಕರ ದನಿ ನಡುವೆ ನಿಲ್ಲದೆ ಚದುರುತ್ತದೆ.

ಕಿವಿಯ ಪರೀಕ್ಷೆ

ಕಾಗದದ ಲೆಕ್ಕ ಮುಗಿದ ಮೇಲೆ ಅಂಗಡಿಗೆ ಹೋಗಿ. ಅವರು ಹಾಕುವ ಢಂಢಂ ಹಾಡಿಗೆ ಮರುಳಾಗಬೇಡಿ, ನಿಮಗೆ ಚೆನ್ನಾಗಿ ಪರಿಚಯವಿರುವ ಹಾಡುಗಳನ್ನು ಒಯ್ಯಿರಿ. ಗಂಗೂಬಾಯಿ ಹಾನಗಲ್ ಅಥವಾ ಮಲ್ಲಿಕಾರ್ಜುನ ಮನಸೂರರ ಒಂದು ರಾಗ ಇರಲಿ, ತಂಬೂರಿಯ ಝೇಂಕಾರ ಹಿಂದೆ ಬಿಡಿಬಿಡಿಯಾಗಿ ಕೇಳಿಸಬೇಕು. ಮೃದಂಗದ ಎಡ-ಬಲಗಳು ಬೇರೆಬೇರೆಯಾಗಿ ತಿಳಿಯಬೇಕು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರು ಹಾಡಿದ ಭಾವಗೀತೆಯೊಂದು ಇರಲಿ, ಪ್ರತಿ ಪದವೂ ತಿಳಿಯಬೇಕು.

ಈ ಕೊನೆಯ ಮಾತನ್ನು ಹೊರನಾಡಿನಲ್ಲಿ ಬೆಳೆದ ನಿಮಗೆ ಒತ್ತಿ ಹೇಳಬೇಕಾಗಿದೆ. "ಮನೆಯಲ್ಲಿ ಕನ್ನಡ ಹಾಡು ಹಾಕುತ್ತಾರೆ, ಆದರೆ ಪದಗಳೇ ಅರ್ಥವಾಗುವುದಿಲ್ಲ" ಎಂದು ನಿಮ್ಮಲ್ಲಿ ಹಲವರು ಹೇಳುವುದುಂಟು. ನಿಮ್ಮ ಕನ್ನಡ ಕಚ್ಚಾ ಎಂದು ತೀರ್ಮಾನಿಸುವ ಮೊದಲು ಸ್ಪೀಕರಿನ ಮೇಲೂ ಸ್ವಲ್ಪ ಸಂಶಯಪಡಿ. ಸ್ವರಾಕ್ಷರಗಳ ಬಲ ಕೆಳಗಿನ ಕಂಪನಗಳಲ್ಲಿದೆ. ಆದರೆ ಒಂದು ಪದವನ್ನು ಇನ್ನೊಂದರಿಂದ ಬೇರೆ ಮಾಡುವ ಸ, ಶ, ತ, ಚ ಮುಂತಾದ ವ್ಯಂಜನಗಳ ಗುರುತು ಹೆಚ್ಚಾಗಿ 2000 ಹರ್ಟ್ಸಿನಿಂದ ಮೇಲಿದೆ. ಹಳೆಯ ದೂರವಾಣಿ 300ರಿಂದ 3400 ಹರ್ಟ್ಸ್ ಮಾತ್ರ ಸಾಗಿಸುತ್ತಿತ್ತು. ಅದಕ್ಕೇ ಟ್ರಂಕ್ ಕಾಲಿನಲ್ಲಿ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಕೂಗಬೇಕಾಗುತ್ತಿತ್ತು. ಟ್ವೀಟರ್ ಸುಟ್ಟ, ವೂಫರ್ ಗುಡುಗುವ ಸ್ಪೀಕರ್ ಮಾಡುವುದೂ ಇದನ್ನೇ. ಕನ್ನಡವನ್ನು ಬಾಲ್ಯದಿಂದ ಕೇಳಿದವರು ಬಿಟ್ಟುಹೋದ ಅಕ್ಷರವನ್ನು ಊಹೆಯಿಂದ ತುಂಬಿಕೊಳ್ಳುತ್ತಾರೆ. ನಿಮಗೆ ಆ ಊಹೆಯ ಆಸರೆ ಕಡಿಮೆ, ಆದ್ದರಿಂದ ಅಪ್ಪ-ಅಮ್ಮನಿಗಿಂತ ನಿಮಗೇ ಒಳ್ಳೆಯ ಸ್ಪೀಕರ್ ಹೆಚ್ಚು ಅಗತ್ಯ!

ಹಳೆಯದನ್ನು ಎಸೆಯುವ ಮೊದಲು

ಮುಂಬಯಿ, ಚೆನ್ನೈಯಂಥ ಕಡಲ ತೀರದ ಊರುಗಳ ತೇವಕ್ಕೆ ಹಳೆಯ ಸ್ಪೀಕರಿನ ಅಂಚಿನ ಫೋಮ್ ಪುಡಿಪುಡಿಯಾಗುತ್ತದೆ. ಕೋನನ್ನು ಎರಡೂ ಬದಿಗೆ ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿ. ಕರಕರ ಎಂದು ಉಜ್ಜುವ ಸದ್ದು ಬರದಿದ್ದರೆ ಒಳಗಿನ ಸುರುಳಿ ಚೆನ್ನಾಗಿದೆ, ಅಂಚನ್ನು ಮಾತ್ರ ಬದಲಿಸಿಕೊಡುವ ರಿಪೇರಿಯವರು ದೊಡ್ಡ ಊರುಗಳಲ್ಲಿ ಇನ್ನೂ ಇದ್ದಾರೆ. ಮೊದಲು ಅವರನ್ನು ಕೇಳಿ, ಆಮೇಲೆ ಹೊಸದರ ಮಾತು.

ಈಗ ಆಂಪ್ಲಿಫೈಯರ್ ಒಳಗೇ ಇರುವ ಆಕ್ಟಿವ್ ಸ್ಪೀಕರುಗಳೂ ಸಿಗುತ್ತವೆ. ಅವುಗಳ ಕೂಡಾವಳಿಯನ್ನು ತಯಾರಿಸಿದವರೇ ನೋಡಿ ಮುಗಿಸಿರುತ್ತಾರೆ. ಹೊಸದಾಗಿ ಶುರುಮಾಡುವವರಿಗೆ, ಜಾಗ ಕಡಿಮೆ ಇರುವವರಿಗೆ ಇದು ಒಳ್ಳೆಯ ದಾರಿ. ಅವನ್ನು ಇನ್ನೊಂದು ಆಂಪ್ಲಿಫೈಯರಿನ ಸ್ಪೀಕರ್ ತುದಿಗೆ ಮಾತ್ರ ಸಿಕ್ಕಿಸಬೇಡಿ. ಒಂಟಿ ಬ್ಲೂಟೂತ್ ಡಬ್ಬ ಪಿಕ್ನಿಕ್ಕಿಗೆ ಸರಿ, ಎಡ-ಬಲ ಬೇರೆ ಮಾಡಿ ತೋರಿಸುವುದು ಅದರ ಅಳವಲ್ಲ.

ಇಷ್ಟೆಲ್ಲ ಓದಿ ತಲೆ ತಿರುಗಿದವರು ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಳ್ಳಿ: ಆಂಪ್ಲಿಫೈಯರಿನ ಕನಿಷ್ಠ ಓಮ್ ಎಷ್ಟು, ಅದರ ಆರ್‌ಎಂಎಸ್ ವಾಟ್ ಎಷ್ಟು, ಹಾಲಿನ ಉದ್ದ-ಅಗಲ ಎಷ್ಟು, ಕೈಯಲ್ಲಿರುವ ಹಣ ಎಷ್ಟು. ಈ ಚೀಟಿ ಹಿಡಿದು ಹೋದವರನ್ನು ಅಂಗಡಿಯವರು ಸುಲಭವಾಗಿ ಏಮಾರಿಸಲಾರರು. ಹಾಸಿಗೆ ಇದ್ದಷ್ಟು ಕಾಲು ಚಾಚಿ, ಕೋಣೆ ಇದ್ದಷ್ಟು ಸ್ಪೀಕರ್ ತನ್ನಿ.

ಅಪ್ಪನ ಕ್ಯಾಸೆಟ್ಟುಗಳು ಬೂಸ್ಟು ಹಿಡಿಯುವ ಮೊದಲು ಅವನ್ನು ಕಂಪ್ಯೂಟರಿಗೆ ಇಳಿಸುವುದು ಹೇಗೆಂದು ಮುಂದಿನ ಸಂಚಿಕೆಯಲ್ಲಿ ನೋಡೋಣ. ಅಷ್ಟರೊಳಗೆ ನಿಮ್ಮ ಆಂಪ್ಲಿಫೈಯರಿನ ಬೆನ್ನಿನ ಮೇಲೆ ಏನು ಬರೆದಿದೆ ಎಂದು ಓದಿ, ಸಂಶಯವಿದ್ದರೆ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಕಾಗುಣಿತ ತಪ್ಪಿದರೂ ಅಡ್ಡಿಯಿಲ್ಲ.