ಮೂರೂವರೆ ಸ್ಟಾರಿನ ಜತೆ ತಕರಾರು

ಸಿನಿಮಾಗಳಿಗೆ ಬೀಳುವ ಸ್ಟಾರ್‌ಗಳು ಥಿಯೇಟರಿಗೆ ಹೋಗುವವರಿಗಿಂತ ಮನೆಯಲ್ಲಿ ಟಿವಿ ಮುಂದೆ ಕೂರುವವರ ಮೇಲೆ ಹೆಚ್ಚು ದರ್ಬಾರು ನಡೆಸುತ್ತವೆ. ಥಿಯೇಟರಿಗೆ ಹೊರಟವನಿಗೆ ಪೋಸ್ಟರ್ ಇದೆ, ಹಿಂದಿನ ಆಟ ಮುಗಿಸಿ ಹೊರಬರುವವರ ಮುಖವಿದೆ, ಟೀ ಅಂಗಡಿಯಲ್ಲಿ ಕಿವಿಗೆ ಬೀಳುವ ಒಂದು ಮಾತಿದೆ. ರಿಮೋಟ್ ಹಿಡಿದವನಿಗೆ ಇವು ಯಾವುವೂ ಇಲ್ಲ. ಸಿನಿಮಾದ ಹೆಸರು, ನಾಯಕನ ಹೆಸರು, ಪಕ್ಕದಲ್ಲಿ ಹತ್ತಕ್ಕೆ ಆರು ಎಂದೋ ಐದಕ್ಕೆ ಎರಡೂವರೆ ಎಂದೋ ಒಂದು ಅಂಕಿ, ಅಷ್ಟೇ. ಕೊಟ್ಟವರು ಯಾರು, ಏನು ಕಂಡು ಕೊಟ್ಟರು ಎಂಬುದು ಅಲ್ಲಿಲ್ಲ. ಬೆರಳು ಮುಂದಿನ ಚಾನೆಲ್ ಒತ್ತಿಬಿಡುತ್ತದೆ. ಈ ಅಂಕಿಯ ಜತೆ ನಾವು ಜಗಳ ತೆಗೆಯಬೇಕು, ಕಾರಣ ಕೊಟ್ಟು ತೆಗೆಯಬೇಕು, ಅದರಿಂದಲೂ ಕಾರಣ ಕೇಳಬೇಕು ಎಂಬುದು ನನ್ನ ವಾದ.

ಕುರಕುಂಭದಂಥ ಊರಿನಲ್ಲಿ ಈ ಮಾತಿಗೆ ಇನ್ನಷ್ಟು ತೂಕ. ಪುಣೆಯಿಂದ ಸೋಲಾಪುರದ ಹೆದ್ದಾರಿಯಲ್ಲಿ ಸುಮಾರು 80 ಕಿಲೋಮೀಟರ್ ಬಂದರೆ ಸಿಗುವ, ದೌಂಡ್ ತಾಲ್ಲೂಕಿನ ಊರು ಇದು. ಫಿರಂಗಾಯಿ ದೇವಿಯ ಗುಡಿ ಇದರ ಹಳೆಯ ಗುರುತು. ರಾಸಾಯನಿಕ ಮತ್ತು ಔಷಧ ಕಾರ್ಖಾನೆಗಳ ಎಂಐಡಿಸಿ ಕೈಗಾರಿಕಾ ಪ್ರದೇಶ ಹೊಸ ಗುರುತು. ದೌಂಡ್ ಜಂಕ್ಷನ್ನಿನಲ್ಲಿ ರೈಲು ಹತ್ತಿದರೆ ಸೋಲಾಪುರ ದಾಟಿ ಕಲಬುರಗಿ, ವಾಡಿ. ಅದೇ ಹಳಿ ಹಿಡಿದು ದುಡಿಯಲು ಬಂದ ನಮ್ಮಂಥವರಿಗೆ ಇಲ್ಲಿ ಕನ್ನಡ ಸಿನಿಮಾ ಎಂದರೆ ಟಿವಿ, ಇಲ್ಲವೇ ಮೊಬೈಲು. ದೊಡ್ಡ ನಟರ ಸಿನಿಮಾ ಪುಣೆಯ ಮಲ್ಟಿಪ್ಲೆಕ್ಸಿಗೆ ಬಂದರೂ ಪಾಳಿ ಮುಗಿಸಿಕೊಂಡು ಅಷ್ಟು ದೂರ ಹೋಗಿಬರುವುದು ಆಗುವ ಮಾತಲ್ಲ. ವಾರಕ್ಕೊಂದು ಸಂಜೆ ಸಿಗುತ್ತದೆ. ಅದನ್ನು ಯಾವ ಸಿನಿಮಾಕ್ಕೆ ಕೊಡಲಿ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಸ್ಟಾರ್ ಹುಟ್ಟಿಕೊಂಡದ್ದೇ ಆ ಪ್ರಶ್ನೆಗೆ ಉತ್ತರವಾಗಿ. ಆದ್ದರಿಂದ ಅದನ್ನು ಸಾರಾಸಗಟಾಗಿ ತಳ್ಳಿಹಾಕುವವನು ನಾನಲ್ಲ.

ಅದು ಹುಟ್ಟಿದ ದಿನವೂ ದಾಖಲಾಗಿದೆ. 1928ರ ಜುಲೈ 31ರಂದು ನ್ಯೂಯಾರ್ಕ್‌ನ ಡೈಲಿ ನ್ಯೂಸ್ ಪತ್ರಿಕೆಯಲ್ಲಿ ಐರೀನ್ ಥೈರರ್ ಎಂಬ ವಿಮರ್ಶಕಿ 'ದಿ ಪೋರ್ಟ್ ಆಫ್ ಮಿಸ್ಸಿಂಗ್ ಗರ್ಲ್ಸ್' ಎಂಬ ಸಿನಿಮಾಕ್ಕೆ ಮೂರರಲ್ಲಿ ಒಂದು ಸ್ಟಾರ್ ಕೊಟ್ಟರು. ಟಿವಿಯಲ್ಲಿ ಬರುವ ಸಿನಿಮಾಗಳಿಗೆಂದೇ ಸ್ಟಾರ್ ಹಂಚಿದ ಪ್ರಸಿದ್ಧ ಪುಸ್ತಕ 1969ರಲ್ಲಿ ಬಂತು: ಲಿಯೊನಾರ್ಡ್ ಮಾಲ್ಟಿನ್ ಅವರ 'ಟಿವಿ ಮೂವೀಸ್'. ಅದರಲ್ಲಿ ಅತ್ಯುತ್ತಮಕ್ಕೆ ನಾಲ್ಕು ಸ್ಟಾರ್, ತೀರಾ ಕಳಪೆಗೆ ಸ್ಟಾರಿನ ಬದಲು 'ಬಾಂಬ್' ಎಂಬ ಪದ. ಅಮೆರಿಕದ ಮನೆಗಳಲ್ಲಿ ದಶಕಗಳ ಕಾಲ ಟಿವಿಯ ಪಕ್ಕದಲ್ಲೇ ಇದ್ದ ಆ ಪುಸ್ತಕ 'ಟ್ಯಾಕ್ಸಿ ಡ್ರೈವರ್'ಗೆ ಎರಡೇ ಸ್ಟಾರ್ ಕೊಟ್ಟಿತ್ತು, 'ಬ್ಲೇಡ್ ರನ್ನರ್'ಗೆ ಒಂದೂವರೆ. ಇಂದು ಇವೆರಡೂ ಸಿನಿಮಾ ಶಾಲೆಗಳ ಪಾಠಗಳು. ಆದರೂ ಮಾಲ್ಟಿನ್ ಬಗ್ಗೆ ನನಗೆ ಗೌರವವಿದೆ. ಅವರು ಸ್ಟಾರಿನ ಜತೆಗೆ ನಾಲ್ಕು ಸಾಲು ಬರೆಯುತ್ತಿದ್ದರು, ಪುಸ್ತಕದ ಮೇಲೆ ಹೆಸರು ಹಾಕಿಕೊಂಡಿದ್ದರು. ಓದುಗನಿಗೆ ಜಗಳವಾಡಲು ಒಬ್ಬ ಮನುಷ್ಯ ಸಿಗುತ್ತಿದ್ದ.

ಶಿಕಾಗೊ ಸನ್‌ಟೈಮ್ಸ್‌ನ ರೋಜರ್ ಈಬರ್ಟ್ ಅವರ ಪ್ರಸಂಗ ಇನ್ನೂ ಹೇಳಿಕೊಡುವಂಥದ್ದು. 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' ಸಿನಿಮಾಕ್ಕೆ ಅವರು 1968ರಲ್ಲಿ ನಾಲ್ಕಕ್ಕೆ ಮೂರು ಸ್ಟಾರ್ ಕೊಟ್ಟಿದ್ದರು. 2003ರಲ್ಲಿ ಅದನ್ನೇ ಮಹಾನ್ ಸಿನಿಮಾಗಳ ಸಾಲಿಗೆ ಸೇರಿಸಿ ಬರೆದಾಗ ತಮ್ಮ ಹಳೆಯ ಬರಹವನ್ನು ತಾವೇ ತೆರೆದು ನೋಡಿದರು. ಅಂದು ವರ್ಣಿಸಿದ್ದು ನಾಲ್ಕು ಸ್ಟಾರಿನ ಸಿನಿಮಾವನ್ನು, ಕೊಟ್ಟದ್ದು ಮಾತ್ರ ಮೂರು. ಇಟಲಿಯವರು ತೆಗೆದ ಕೌಬಾಯ್ ಸಿನಿಮಾ ಕಲೆಯಾಗಲು ಸಾಧ್ಯವೇ ಎಂಬ ಹಿಂಜರಿಕೆ ಇದ್ದಿರಬೇಕು ಎಂದು ಒಪ್ಪಿಕೊಂಡರು. ಅಂದರೆ ವಾಕ್ಯಗಳಲ್ಲಿ ಸತ್ಯ ಹೇಳಿದ್ದ ವಿಮರ್ಶಕ ಅಂಕಿಯಲ್ಲಿ ಸಮಾಜದ ಮಾತು ಕೇಳಿದ್ದರು. ನಮ್ಮ ಪತ್ರಿಕೆಗಳ ಸಿನಿಮಾ ಪುಟದಲ್ಲೂ ಇದು ನಡೆಯುತ್ತದೆ. ಬರಹ ಓದಿದರೆ ವಿಮರ್ಶಕನಿಗೆ ಬೇಸರವಾಗಿದೆ ಎಂದು ಗೊತ್ತಾಗುತ್ತದೆ, ಕೆಳಗೆ ನೋಡಿದರೆ ಮೂರು ಸ್ಟಾರ್. ಹೊಸಬರ ಸಿನಿಮಾ ಸಾಯದಿರಲಿ ಎಂಬ ಮರುಕ ಅದರಲ್ಲಿರುತ್ತದೆ, ಮರುಕ ಒಳ್ಳೆಯದೇ. ಆದರೆ 'ಒಮ್ಮೆ ನೋಡಬಹುದು' ಎಂಬ ಒಂದೇ ಮೆಟ್ಟಿಲ ಮೇಲೆ ಚೆನ್ನಾಗಿರುವುದೂ ಸಾಧಾರಣವಾದುದೂ ಒತ್ತೊತ್ತಾಗಿ ನಿಂತುಬಿಟ್ಟರೆ ನಿಜವಾಗಿ ಒಳ್ಳೆಯದನ್ನು ಮಾಡಿದ ಹೊಸಬನಿಗೇ ಅನ್ಯಾಯ.

ಇದು ಒಬ್ಬರೇ ಕೊಡುವ ಸ್ಟಾರಿನ ಕತೆ. ಸಾವಿರಾರು ಜನ ಸೇರಿ ಕೊಡುವ ರೇಟಿಂಗ್ ಇದಕ್ಕಿಂತ ನ್ಯಾಯವಾಗಿರಬೇಕು ಎಂದು ತೋರುತ್ತದೆ. ಒಂದು ಲೆಕ್ಕ ಮಾಡಿ ನೋಡಿ. ಒಬ್ಬ ನಟನ ಅಭಿಮಾನಿಗಳೆಲ್ಲ ಹತ್ತಕ್ಕೆ ಹತ್ತು ಕೊಟ್ಟರು, ಎದುರು ಗುಂಪಿನ ಅಷ್ಟೇ ಜನ ಒಂದು ಕೊಟ್ಟರು. ಸರಾಸರಿ ಐದೂವರೆ. ಆ ಸಿನಿಮಾ ಐದೂವರೆಯಷ್ಟು ಚೆನ್ನಾಗಿದೆ ಎಂದು ಹೇಳಿದ ಒಬ್ಬನೇ ಒಬ್ಬ ಮನುಷ್ಯ ಭೂಮಿಯ ಮೇಲಿಲ್ಲ. ಯಾರೂ ಹೇಳದ ಅಭಿಪ್ರಾಯವನ್ನು ಎಲ್ಲರ ಅಭಿಪ್ರಾಯ ಎಂದು ಪರದೆಯ ಮೇಲೆ ತೋರಿಸಲಾಗುತ್ತದೆ. ಐಎಂಡಿಬಿಯಂಥ ತಾಣಗಳು ಈ ಮೋಸ ತಡೆಯಲು ಸಾದಾ ಸರಾಸರಿ ಬಿಟ್ಟು ತೂಕದ ಸರಾಸರಿ ಬಳಸುತ್ತವೆ. ಅಷ್ಟಾದರೂ ಅಲ್ಲಿ ಮತ ಹಾಕುವವರು ಯಾರು ಎಂಬ ಪ್ರಶ್ನೆ ಉಳಿದೇ ಇದೆ. 'ಭೂತಯ್ಯನ ಮಗ ಅಯ್ಯು' ನೋಡಿ ಊರಿಗೆ ಊರೇ ಮಾತಾಡಿಕೊಂಡ ಕಾಲದ ಪ್ರೇಕ್ಷಕರಲ್ಲಿ ಎಷ್ಟು ಜನ ಆ ತಾಣದಲ್ಲಿ ಖಾತೆ ತೆರೆದಿದ್ದಾರು?

ನೆಟ್‌ಫ್ಲಿಕ್ಸ್ 2017ರಲ್ಲಿ ಐದು ಸ್ಟಾರ್ ತೆಗೆದುಹಾಕಿ ಹೆಬ್ಬೆರಳು ಮೇಲೆ, ಹೆಬ್ಬೆರಳು ಕೆಳಗೆ ಎಂಬ ಚಿಹ್ನೆ ತಂದಾಗ ಕೊಟ್ಟ ಕಾರಣವೂ ಗಮನಿಸಬೇಕಾದ್ದು. ಗಂಭೀರ ಸಾಕ್ಷ್ಯಚಿತ್ರಕ್ಕೆ ಐದು ಸ್ಟಾರ್ ಕೊಟ್ಟವರೇ ಮೂರು ಸ್ಟಾರಿನ ಹಾಸ್ಯ ಸಿನಿಮಾವನ್ನು ಹೆಚ್ಚು ನೋಡುತ್ತಿದ್ದರಂತೆ. ಕಂಪನಿಗೆ ಬೇಕಾದದ್ದು ಜನ ಯಾವುದನ್ನು ನೋಡುತ್ತಾರೆ ಎಂಬುದು. ನನಗೆ ಆ ಐದು ಸ್ಟಾರಿನಲ್ಲಿ ಒಂದು ಪ್ರಾಮಾಣಿಕತೆ ಕಾಣುತ್ತದೆ: ದಣಿದ ಸಂಜೆ ಹಗುರವಾದದ್ದನ್ನು ನೋಡಿದರೂ ಯಾವುದು ದೊಡ್ಡದು ಎಂಬ ವಿವೇಕವನ್ನು ಜನ ಬಿಟ್ಟುಕೊಟ್ಟಿರಲಿಲ್ಲ.

ಈಗ ನಮ್ಮ ಸುತ್ತಲಿನ ನೆಲದಿಂದಲೇ ಒಂದು ಉದಾಹರಣೆ. 2016ರ ಏಪ್ರಿಲ್‌ನಲ್ಲಿ ಬಂದ ನಾಗರಾಜ ಮಂಜುಳೆಯವರ ಮರಾಠಿ ಸಿನಿಮಾ 'ಸೈರಾಟ್' ಪಕ್ಕದ ಸೋಲಾಪುರ ಜಿಲ್ಲೆಯ ಕರ್ಮಾಳದ ಮಣ್ಣಿನದು. ನಾಯಕಿ ರಿಂಕು ರಾಜಗುರು ಅದೇ ಜಿಲ್ಲೆಯ ಅಕಲೂಜದವರು. ಮರು ವರ್ಷ ಎಸ್. ನಾರಾಯಣ್ ಅದನ್ನು ಕನ್ನಡದಲ್ಲಿ 'ಮನಸು ಮಲ್ಲಿಗೆ' ಎಂದು ತೆಗೆದರು, ನಾಯಕಿ ಮತ್ತೆ ರಿಂಕು ಅವರೇ. ಕತೆ ಒಂದು, ನಾಯಕಿ ಒಬ್ಬರು, ಅಜಯ್–ಅತುಲ್ ಸಂಗೀತ ಎರಡರಲ್ಲೂ. ಮೂಲಕ್ಕೆ ಇಷ್ಟು ಸ್ಟಾರ್, ರೀಮೇಕಿಗೆ ಇಷ್ಟು ಎಂದು ಪಕ್ಕಪಕ್ಕ ಇಟ್ಟರೆ ಮಾತು ಮುಗಿಯಿತು ಎನಿಸಬಹುದು. ಮುಗಿಯುವುದಿಲ್ಲ.

'ಸೈರಾಟ್' ಬಗ್ಗೆ ಒಂದು ದೂರು ಇದ್ದೇ ಇದೆ: ಮೊದಲರ್ಧದ ಹುಮ್ಮಸ್ಸು ಎರಡನೆಯದರಲ್ಲಿ ಇಲ್ಲ, ಪ್ರೇಮಿಗಳು ಹೈದರಾಬಾದಿಗೆ ಓಡಿಹೋದ ಮೇಲೆ ಎಳೆಯುತ್ತದೆ, ಅದಕ್ಕೇ ಅರ್ಧ ಸ್ಟಾರ್ ಕಡಿಮೆ. ನಾನು ಇದನ್ನು ಒಪ್ಪುವುದಿಲ್ಲ. ಊರಿನಲ್ಲಿ ಟ್ರ್ಯಾಕ್ಟರ್ ಓಡಿಸಿ, ಬುಲೆಟ್ ಏರಿ ಮೆರೆದ ನಾಯಕಿ ಆರ್ಚಿ ಗೊತ್ತಿಲ್ಲದ ಊರಿನ ಕೊಳೆಗೇರಿಯ ಕೋಣೆಗೆ ಬಂದು, ಭಾಷೆ ಬಾರದೆ ತಡಕಾಡಿ, ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ನಿಧಾನವಾಗಿ ತೆಲುಗು ಕಲಿಯುವ ಭಾಗ ಅದು. ಸ್ವಂತ ಊರಿನಲ್ಲೇ ಇರುವವರಿಗೆ ಅಲ್ಲಿ ಏನೂ ನಡೆಯುತ್ತಿಲ್ಲ ಎನಿಸಬಹುದು. ಕುರಕುಂಭದ ಬಾಡಿಗೆ ಕೋಣೆಯಲ್ಲಿ ಕೂತು ನೋಡುವ, ಅಂಗಡಿಯವನ ಜತೆ ಅರೆಬರೆ ಮರಾಠಿಯಲ್ಲಿ ವ್ಯವಹರಿಸಿ ಕಲಿತ, ಕಾರ್ಖಾನೆಯ ಗೇಟಿನಲ್ಲಿ ಮೊದಲ ದಿನ ನಿಂತ ನೆನಪಿರುವ ಕಲಬುರಗಿಯವನಿಗೆ ಎಲ್ಲವೂ ನಡೆಯುತ್ತಿರುವುದು ಅಲ್ಲೇ. ಜಾತಿಯ ಯಜಮಾನಿಕೆ ಕಳಚಿಬಿದ್ದ ಮೇಲೆ ಒಬ್ಬ ಹುಡುಗಿ ದುಡಿದು ಮನುಷ್ಯಳಾಗುವ ನಿಧಾನವನ್ನು ನಿರ್ದೇಶಕ ಬೇಕೆಂದೇ ಕೊಟ್ಟಿದ್ದಾರೆ. ಆ ನಿಧಾನ ಇಲ್ಲದಿದ್ದರೆ ಕೊನೆಯ ದೃಶ್ಯದ ಸದ್ದಿಲ್ಲದ ಆಘಾತಕ್ಕೆ ಬುನಾದಿಯೇ ಇರುತ್ತಿರಲಿಲ್ಲ. ರೀಮೇಕ್ ನನಗೆ ಸಪ್ಪೆಯಾಗಿ ಕಂಡದ್ದಕ್ಕೂ ಕಾರಣ ಹೇಳಬಲ್ಲೆ: ಕರ್ಮಾಳದ ಆಡುಮಾತು ಆ ಸಿನಿಮಾದ ಅರ್ಧ ಜೀವ, ಕತೆಯನ್ನು ಎತ್ತಿ ಬೇರೆ ನೆಲದಲ್ಲಿಟ್ಟಾಗ ಅದು ಹಿಂದೆಯೇ ಉಳಿದುಹೋಗುತ್ತದೆ. ಇದಕ್ಕೆ ಯಾರಾದರೂ ಎದುರು ಹೇಳಬಹುದು. ಮರಾಠಿ ಅರ್ಥವಾಗದ ತಾಯಿಯೊಬ್ಬಳು 'ಮನಸು ಮಲ್ಲಿಗೆ' ನೋಡಿ ಅತ್ತಿದ್ದರೆ ಆ ಕಣ್ಣೀರು ನನ್ನ ವಾದವನ್ನು ಕೇಳಿಕೊಂಡು ಹರಿದದ್ದಲ್ಲ. ಹೀಗೆ ಮಾತು ಬೆಳೆಯುತ್ತದೆ. ಮೂರೂವರೆ ಮತ್ತು ಎರಡೂವರೆಯ ನಡುವೆ ಬೆಳೆಯಲು ಮಾತಿಗೆ ಜಾಗವಿಲ್ಲ.

ಮಾತು ಬೆಳೆಸಿದ ದೊಡ್ಡ ಉದಾಹರಣೆ ನಮ್ಮಲ್ಲೇ ಇದೆ, ಅದಕ್ಕೂ ಪುಣೆಗೂ ಗಟ್ಟಿಯಾದ ನಂಟು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾಯಿತು. ಅದನ್ನು ಕಟ್ಟಿದವರು ಪಿ.ಕೆ. ನಾಯರ್. ಅಲ್ಲಿನ ಫಿಲಂ ಇನ್‌ಸ್ಟಿಟ್ಯೂಟಿನಲ್ಲಿ ಸಿನಿಮಾ ರಸಗ್ರಹಣ ಕಲಿಸುತ್ತಿದ್ದವರು ಸತೀಶ್ ಬಹದ್ದೂರ್. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಚಿತ್ರಸಮಾಜ ಕಟ್ಟಿಕೊಂಡಿತ್ತು. 1970ರ ದಶಕದ ಕೊನೆಯಿಂದ ಪುಣೆಯ ಈ ಇಬ್ಬರ ನೆರವಿನಿಂದ ಫಿಲಂ ಡಬ್ಬಿಗಳು ಮಲೆನಾಡಿನ ಆ ಹಳ್ಳಿಗೆ ಹೋದವು. ಅಡಿಕೆ ತೋಟದ ಕೆಲಸ ಮುಗಿಸಿ ಬಂದವರು 'ಪಥೇರ್ ಪಾಂಚಾಲಿ', 'ರಾಶೊಮನ್', 'ಬೈಸಿಕಲ್ ಥೀವ್ಸ್' ನೋಡಿದರು, ನೋಡಿ ಚರ್ಚಿಸಿದರು. ನಾಯರ್ ಬಗ್ಗೆ 2012ರಲ್ಲಿ ಬಂದ 'ಸೆಲ್ಯುಲಾಯ್ಡ್ ಮ್ಯಾನ್' ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನವರು ಆ ಸಿನಿಮಾಗಳನ್ನು ದಶಕಗಳ ಮೇಲೂ ನೆನೆಸಿಕೊಳ್ಳುತ್ತಾರೆ. ಆ ಜನಕ್ಕೆ ಸಿನಿಮಾದ ಹೆಸರಿನ ಪಕ್ಕ ಅಂಕಿ ತೋರಿಸಿ ಕೂರಿಸಿರಲಿಲ್ಲ. ಇದು ಜಪಾನಿನದು, ಇದು ಕಪ್ಪು ಬಿಳುಪು, ಇದು ನಿಧಾನ, ನಿಮಗೆ ಹಿಡಿಸುವುದಿಲ್ಲ ಎಂದು ಮೊದಲೇ ಯಾರಾದರೂ ತೀರ್ಮಾನಿಸಿದ್ದರೆ ಆ ಡಬ್ಬಿಗಳು ಪುಣೆ ಬಿಡುತ್ತಲೇ ಇರಲಿಲ್ಲ. ಇಂದಿನ ರೇಟಿಂಗ್ ಪದ್ಧತಿ ಪ್ರತಿ ಮನೆಯಲ್ಲೂ ಮಾಡುತ್ತಿರುವುದು ಆ ತೀರ್ಮಾನವನ್ನೇ.

ಅದೇ ಪುಣೆಯಲ್ಲಿ ಕಲಿತು 1975ರಲ್ಲಿ ಹೊರಬಂದ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' 1977ರ ಸ್ವರ್ಣಕಮಲ ಪಡೆಯಿತು. ಅದರ ದುರಸ್ತಿಯಾದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಸಿನಿಮಾ ಹೀಗೆ ದಶಕಗಳ ಮೇಲೂ ಹೊಸದಾಗಿ ತೆರೆ ಕಾಣುತ್ತದೆ, ಆದರೆ ಸ್ಟಾರ್ ಬೀಳುವುದು ಬಿಡುಗಡೆಯ ಶುಕ್ರವಾರ, ಬಿದ್ದದ್ದು ಅಲ್ಲೇ ಅಂಟಿಕೊಳ್ಳುತ್ತದೆ. ಟಿವಿಯಲ್ಲಿ ನಾವು ನೋಡುವುದು ಹತ್ತು ವರ್ಷದ ಮೇಲೆ, ಮೂವತ್ತು ವರ್ಷದ ಮೇಲೆ. ಅಷ್ಟರಲ್ಲಿ ಸಿನಿಮಾವೂ ನಾವೂ ಬೇರೆಯಾಗಿರುತ್ತೇವೆ.

ಅಂಕ ಕೊಡುವುದೇ ಪರಕೀಯ ಬುದ್ಧಿ ಎಂದು ಹೇಳಲು ನನಗೆ ಮನಸ್ಸಿಲ್ಲ, ಅದು ಸುಳ್ಳು ಕೂಡ. ಭರತನ ನಾಟ್ಯಶಾಸ್ತ್ರದ ಸಿದ್ಧಿ ಅಧ್ಯಾಯದಲ್ಲಿ ಪ್ರದರ್ಶನದ ತಪ್ಪು ಎಣಿಸುವವರಿದ್ದಾರೆ, ಗೆದ್ದವರಿಗೆ ಪತಾಕೆ ಕೊಡುವ ಕ್ರಮವಿದೆ. ಆದರೆ ಅಲ್ಲಿ ತೀರ್ಪುಗಾರ ಒಬ್ಬನಲ್ಲ. ಯಜ್ಞ ಬಲ್ಲವನು, ನರ್ತಕ, ಛಂದಸ್ಸು ಬಲ್ಲವನು, ವ್ಯಾಕರಣ ಬಲ್ಲವನು, ರಾಜ, ಬಿಲ್ಲುಗಾರ, ಚಿತ್ರಕಾರ, ವೇಶ್ಯೆ, ಗಾಯಕ, ರಾಜಸೇವಕ, ಹೀಗೆ ಹತ್ತು ಜನ. ಬಿಲ್ಲು ಹಿಡಿದ ರೀತಿ ಸರಿಯೇ ಎಂದು ಬಿಲ್ಲುಗಾರ ಹೇಳಬೇಕು, ಪ್ರಣಯದ ನಡೆ ಸರಿಯೇ ಎಂದು ವೇಶ್ಯೆ ಹೇಳಬೇಕು. ಕಾರ್ಖಾನೆಯ ದೃಶ್ಯ ಸರಿಯೇ ಎಂದು ಕುರಕುಂಭದ ಕಾರ್ಮಿಕ ಹೇಳಬೇಕು ಎನ್ನುವುದು ಇದರದೇ ಮುಂದುವರಿಕೆ.

ಹಾಗಾದರೆ ಎಲ್ಲರ ಅಭಿಪ್ರಾಯವೂ ಸಮವೇ, ಯಾವ ಸಿನಿಮಾವೂ ಕೆಟ್ಟದ್ದಲ್ಲವೇ? ಈ ಆಕ್ಷೇಪ ಬಲವಾದದ್ದು. ಕೆಟ್ಟ ಸಿನಿಮಾ ಇದೆ. ಹೆಣ್ಣನ್ನು ಹಿಂಬಾಲಿಸಿ ಕಾಡುವುದನ್ನು ಪ್ರೇಮವೆಂದು ತೋರಿಸುವ ಸಿನಿಮಾ ಎಷ್ಟು ಸ್ಟಾರ್ ಪಡೆದಿದ್ದರೂ ನನಗೆ ಕೆಟ್ಟದ್ದೇ, ಈ ಮಾತಿನಲ್ಲಿ ನಾನು ಬಗ್ಗುವುದಿಲ್ಲ. ಅಭಿಪ್ರಾಯಗಳು ಸಮವಲ್ಲ, ಕಾರಣ ಇರುವ ಅಭಿಪ್ರಾಯ ಇಲ್ಲದ್ದಕ್ಕಿಂತ ಮೇಲು, ಹೆಚ್ಚು ಗಮನವಿಟ್ಟು ನೋಡಿದವನ ಕಾರಣ ಇನ್ನೂ ಮೇಲು. ಅಂಕಿ ಈ ವ್ಯತ್ಯಾಸವನ್ನೇ ಅಳಿಸುತ್ತದೆ. ಮೂರು ಸಲ ನೋಡಿ ಬರೆದವನ ಎರಡು ಸ್ಟಾರೂ ಟ್ರೇಲರ್ ಮಾತ್ರ ನೋಡಿ ಒತ್ತಿದವನ ಎರಡು ಸ್ಟಾರೂ ಒಂದೇ ಆಗಿ ಕಾಣುತ್ತವೆ.

ಇದಕ್ಕೆ ಮದ್ದು ನಿಷೇಧ ಎಂದು ನಿರ್ಮಾಪಕರು ನಂಬಿದ್ದಾರೆ. 2023ರಲ್ಲಿ ಮಲಯಾಳಂ ನಿರ್ದೇಶಕರೊಬ್ಬರು ವಿಮರ್ಶೆ ತಡೆಯಬೇಕೆಂದು ಕೇರಳ ಹೈಕೋರ್ಟಿಗೆ ಹೋದರು. ಬಿಡುಗಡೆಯ ಮೊದಲ ಮೂರು ದಿನ ವಿಮರ್ಶೆಯೇ ಬೇಡ ಎಂದು ತಮಿಳು ನಿರ್ಮಾಪಕರ ಸಂಘ 2024ರಲ್ಲಿ ಮದ್ರಾಸ್ ಹೈಕೋರ್ಟನ್ನು ಕೇಳಿತು, ಕೋರ್ಟು ಒಪ್ಪಲಿಲ್ಲ. 2025ರ ಡಿಸೆಂಬರ್‌ನಲ್ಲಿ ಕನ್ನಡದ 'ದಿ ಡೆವಿಲ್' ಬಿಡುಗಡೆಯಾದಾಗ ನ್ಯಾಯಾಲಯದ ಆದೇಶದಂತೆ ಬುಕ್‌ಮೈಶೋ ರೇಟಿಂಗ್ ಮತ್ತು ವಿಮರ್ಶೆ ಎರಡನ್ನೂ ಮುಚ್ಚಿತು. ದುಡ್ಡು ಕೊಟ್ಟು ಹಾಕಿಸುವ ಸುಳ್ಳು ರೇಟಿಂಗ್ ತಡೆಯುವುದು ಸರಿ. ಆದರೆ ಅಂಕಿಯ ಜತೆ ಮಾತನ್ನೂ ಮುಚ್ಚಿದರೆ ಪ್ರೇಕ್ಷಕನ ಕೈಯಲ್ಲಿದ್ದ ಒಂದೇ ಸಾಧನವೂ ಹೋಯಿತು. ಅಂಕಿ ಮುಚ್ಚಿ, ಹೆಸರು ಹಾಕಿ ಬರೆದ ಮಾತನ್ನು ಉಳಿಸಿ ಎಂದು ಕೇಳುವವರು ಕೋರ್ಟಿನಲ್ಲಿ ಇರಬೇಕಿತ್ತು.

ಚಾನೆಲ್‌ಗಳಿಂದ ಕೇಳಬೇಕಾದ್ದು ದೊಡ್ಡದೇನಲ್ಲ. ಪರದೆಯ ಮೇಲೆ ಸಿನಿಮಾದ ಹೆಸರು ತೋರಿಸುವ ಪುಟ್ಟ ಚೌಕದಲ್ಲಿ ಸ್ಟಾರಿನ ಜಾಗಕ್ಕೆ ನಿರ್ದೇಶಕರ ಹೆಸರು ಹಾಕಲಿ, ಸಿನಿಮಾ ಬಂದ ವರ್ಷ ಹಾಕಲಿ, ಮೂಲವೋ ರೀಮೇಕೋ ಡಬ್ಬಿಂಗೋ ಎಂದು ಹೇಳಲಿ. ಎಲ್ಲಕ್ಕಿಂತ ಮುಖ್ಯವಾಗಿ ಮೂಲದ ಉದ್ದ ಎಷ್ಟು, ಇವತ್ತು ತೋರಿಸುತ್ತಿರುವುದು ಎಷ್ಟು ಎಂದು ಬರೆಯಲಿ. 'ಸೈರಾಟ್' 174 ನಿಮಿಷದ ಸಿನಿಮಾ. ಟಿವಿಯಲ್ಲಿ ಗಂಟೆಗೆ 12 ನಿಮಿಷದವರೆಗೆ ಜಾಹೀರಾತಿಗೆ ನಿಯಮದ ಅನುಮತಿ ಇದೆ. ಅಂಥ ಸಿನಿಮಾವನ್ನು ಮೂರು ಗಂಟೆಯ ಅವಧಿಗೆ ಕೂರಿಸಿ ಜಾಹೀರಾತನ್ನು ಪೂರ್ತಿ ತುಂಬಿದರೆ ಉಳಿಯುವುದು 144 ನಿಮಿಷ, ಅರ್ಧ ಗಂಟೆ ಕತ್ತರಿಗೆ ಹೋಗುತ್ತದೆ. ಕತ್ತರಿ ಮೊದಲು ಬೀಳುವುದು ನಿಧಾನವಾದ ಭಾಗದ ಮೇಲೆ. ಆರ್ಚಿ ಕೆಲಸಕ್ಕೆ ಸೇರಿ ಭಾಷೆ ಕಲಿಯುವ ಭಾಗವಿಲ್ಲದ 'ಸೈರಾಟ್' ನೋಡಿದವನು ಎಷ್ಟು ಸ್ಟಾರ್ ಕೊಟ್ಟರೂ ಅದು ಮಂಜುಳೆಯವರ ಸಿನಿಮಾಕ್ಕೆ ಕೊಟ್ಟದ್ದಲ್ಲ.